ದೆಹಲಿಯೋ ಋಷಿಕೇಶವೋ: ಸಂಬಳ, ಬಾಡಿಗೆ ಎರಡನ್ನೂ ತೂಗಿ ನಾನು ಏಮ್ಸ್ ಆರಿಸಿಕೊಂಡ ಬಗೆ

ನಾರ್ಸೆಟ್ (ಏಮ್ಸ್‌ಗಳಿಗೆ ನರ್ಸಿಂಗ್ ಆಫೀಸರ್‌ಗಳನ್ನು ಆರಿಸುವ ಪರೀಕ್ಷೆ) ರಿಸಲ್ಟ್ ಬಂದ ತಕ್ಷಣ ಜೂನಿಯರ್‌ಗಳ ಫೋನ್ ಶುರುವಾಗುತ್ತದೆ. ಪ್ರಿಫರೆನ್ಸ್ ತುಂಬಬೇಕು, ಯಾವ ಏಮ್ಸ್ ಮೊದಲು ಹಾಕಲಿ, "ಅಕ್ಕ, ದೆಹಲಿಯಲ್ಲಿ ಸಂಬಳ ಜಾಸ್ತಿ ಅಲ್ವಾ?" ಜಾಸ್ತಿ, ನಿಜ. ಆದರೆ ಎಷ್ಟು ಜಾಸ್ತಿ, ಯಾಕೆ ಜಾಸ್ತಿ, ಅದರಲ್ಲಿ ಕೈಯಲ್ಲಿ ಉಳಿಯುವುದೆಷ್ಟು ಅಂತ ಕೇಳುವವರು ಕಡಿಮೆ. ನಾನು ಪ್ರಿಫರೆನ್ಸ್ ತುಂಬುವಾಗ ಈ ಲೆಕ್ಕವನ್ನೆಲ್ಲ ಕೂತು ಬರೆದಿದ್ದೆ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ನಾನಿದ್ದ ಜಾಗ. ಊರು ದಾವಣಗೆರೆ ಕಡೆ, ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದೆ. ಕೈಗೆ 26,000 ಬರುತ್ತಿತ್ತು. ಅದರಲ್ಲಿ ಎಜುಕೇಶನ್ ಲೋನ್ ಕಂತು, ಬಾಡಿಗೆ, ಮನೆಗೆ ಒಂದಿಷ್ಟು. ತಿಂಗಳ ಕೊನೆಯಲ್ಲಿ ಏನಾದರೂ ಉಳಿದರೆ ಅದು ಓವರ್‌ಟೈಮ್ ಮಾಡಿದ ದುಡ್ಡು, ಅಷ್ಟೇ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿ 2016ರಲ್ಲಿ ಕೇಂದ್ರದ ಸಮಿತಿಯೇ ಶಿಫಾರಸು ಕೊಟ್ಟಿದೆ: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ 20,000ಕ್ಕೆ ಕಡಿಮೆ ಇಲ್ಲ ಅಂತ. ಕಾಗದದಲ್ಲಿ ಚೆನ್ನಾಗಿದೆ.

ನಾರ್ಸೆಟ್‌ಗೆ ಮೊದಲು ಗುರುಗ್ರಾಮದ ಒಂದು ಖಾಸಗಿ ಆಸ್ಪತ್ರೆಯಿಂದ ಆಫರ್ ಬಂದಿತ್ತು. ವರ್ಷಕ್ಕೆ 4.2 ಲಕ್ಷ ಸಿಟಿಸಿ, ಅಂದರೆ ಆಸ್ಪತ್ರೆ ನನ್ನ ಮೇಲೆ ಮಾಡುವ ಒಟ್ಟು ಖರ್ಚು. 12ರಿಂದ ಭಾಗಿಸಿದರೆ 35,000, ನಾನು ತೆಗೆದುಕೊಳ್ಳುತ್ತಿದ್ದುದಕ್ಕಿಂತ 9,000 ಜಾಸ್ತಿ. ಖುಷಿಪಡುವ ಮೊದಲು ಎಚ್‌ಆರ್ ಹತ್ತಿರ ಸ್ಲಿಪ್‌ನ ಬ್ರೇಕಪ್ ಕೇಳಿದೆ. ಆಸ್ಪತ್ರೆ ಕಟ್ಟುವ ಪಿಎಫ್ 1,800 ಅದರೊಳಗೇ ಇತ್ತು, ಗ್ರಾಚ್ಯುಟಿ ಒಳಗಿತ್ತು, ಇನ್ಶೂರೆನ್ಸ್ ಪ್ರೀಮಿಯಂ ಒಳಗಿತ್ತು. ನನ್ನ ಪಾಲಿನ ಪಿಎಫ್ ಇನ್ನೊಂದು 1,800 ಹೋಗಿ ಕೈಗೆ 29,500ರ ಹತ್ತಿರ. ಅವರದೇ ಹಾಸ್ಟೆಲ್‌ಗೆ 4,500 ಕಡಿತ. ಊರಿಗೆ ವರ್ಷಕ್ಕೆ ಎರಡು ಸಲ ಬಂದು ಹೋಗುವ ಖರ್ಚು ಸೇರಿಸಿದರೆ ಬೆಂಗಳೂರಲ್ಲಿ ಇದ್ದಷ್ಟೇ. ಅಷ್ಟಕ್ಕೆ ಯಾಕೆ ಹೋಗಲಿ? ಬೇಡ ಅಂದೆ. ಬೇರೆ ರಾಜ್ಯದ ಖಾಸಗಿ ಆಫರ್ ಬಂದವರಿಗೆ ನಾನು ಹೇಳುವುದು ಇದನ್ನೇ, ಸಿಟಿಸಿ ನೋಡಬೇಡಿ, ಬ್ರೇಕಪ್ ಇಸ್ಕೊಳ್ಳಿ, ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ.

ಏಮ್ಸ್‌ನಲ್ಲಿ ಈ ಕಣ್ಣುಮುಚ್ಚಾಲೆ ಇಲ್ಲ. ಎಲ್ಲ ಏಮ್ಸ್‌ನಲ್ಲೂ ನರ್ಸಿಂಗ್ ಆಫೀಸರ್ ಹುದ್ದೆ ಕೇಂದ್ರ ಸರ್ಕಾರದ ವೇತನ ಶ್ರೇಣಿಯ ಲೆವೆಲ್ 7, ಮೂಲ ವೇತನ 44,900. ದೆಹಲಿಯಾಗಲಿ ಭುವನೇಶ್ವರವಾಗಲಿ ಅದರಲ್ಲಿ ಒಂದು ರೂಪಾಯಿ ವ್ಯತ್ಯಾಸ ಇಲ್ಲ. ನಾನು ಲೆಕ್ಕ ಹಾಕುವಾಗ 2025ರ ಜನವರಿಯಿಂದ ಜಾರಿಗೆ ಬಂದ ಡಿಎ (ತುಟ್ಟಿಭತ್ಯೆ) ಮೂಲ ವೇತನದ ಶೇ 55 ಇತ್ತು, ಅಂದರೆ 24,695. ನರ್ಸಿಂಗ್ ಅಲೊವೆನ್ಸ್ 9,000, ಡ್ರೆಸ್ ಅಲೊವೆನ್ಸ್ 2,250. (ಡಿಎ ಶೇ 50 ಮುಟ್ಟಿದಾಗ ಈ ಎರಡೂ ಶೇ 25 ಏರಿದವು. ಹಳೆಯ ವಿಡಿಯೋಗಳಲ್ಲಿ 7,200, 1,800 ಅಂತ ಇರುತ್ತದೆ, ಅದನ್ನು ನಂಬಬೇಡಿ.) ಇವೂ ಎಲ್ಲ ಕಡೆ ಒಂದೇ.

ನಾನು ನೋಡಿದ ಊರುಗಳಲ್ಲಿ ಬದಲಾಗುವುದು ಎರಡೇ ಎರಡು: ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಮತ್ತು ಟ್ರಾನ್ಸ್‌ಪೋರ್ಟ್ ಅಲೊವೆನ್ಸ್. ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ಮಾಡಿದ್ದಾರೆ. ದೆಹಲಿ ಎಕ್ಸ್, ಅಲ್ಲಿ ಮೂಲ ವೇತನದ ಶೇ 30, ಅಂದರೆ 13,470. ಭುವನೇಶ್ವರ, ಭೋಪಾಲ್, ಪಟ್ನಾ ಇವೆಲ್ಲ ವೈ, ಶೇ 20, ಅಂದರೆ 8,980. ಋಷಿಕೇಶ ಝಡ್, ಶೇ 10, ಬರೀ 4,490. ಟ್ರಾನ್ಸ್‌ಪೋರ್ಟ್ ದೆಹಲಿಯಲ್ಲಿ 3,600 ಮತ್ತು ಅದರ ಮೇಲೆ ಡಿಎ, ಋಷಿಕೇಶದಲ್ಲಿ ಅದರ ಅರ್ಧ. ಎಲ್ಲ ಕೂಡಿಸಿದರೆ ದೆಹಲಿಯಲ್ಲಿ 99,895, ಋಷಿಕೇಶದಲ್ಲಿ 88,125. ವ್ಯತ್ಯಾಸ 11,770.

ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ಡಿಎ ಸೇರಿಸಿ ಶೇ 10 ಹೋಗುತ್ತದೆ, ಸುಮಾರು 6,960. ಅದೂ ಎರಡೂ ಕಡೆ ಒಂದೇ. ಆದಾಯ ತೆರಿಗೆ ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದವರಿಗೆ 12.75 ಲಕ್ಷದವರೆಗೆ ಬೀಳುವುದಿಲ್ಲ, ಹಾಗಾಗಿ ಸೇರುವಾಗ ಅದರ ತಲೆಬಿಸಿ ಇಲ್ಲ. ಬಾಡಿಗೆ ರಸೀದಿ ಹಿಡಿದು ಓಡಾಡುವ ಕೆಲಸವೂ ತಪ್ಪಿತು. ಕರ್ನಾಟಕದಲ್ಲಿ ತಿಂಗಳಿಗೆ 200 ಕಟ್ಟಾಗುತ್ತಿದ್ದ ವೃತ್ತಿ ತೆರಿಗೆ ದೆಹಲಿಯಲ್ಲಿ ಇಲ್ಲ, ಅದೊಂದು ಸಣ್ಣ ಲಾಭ.

ಹಾಗಾದರೆ ಇರುವ ಪ್ರಶ್ನೆ ಒಂದೇ: ದೆಹಲಿಯಲ್ಲಿ ಬದುಕುವುದು ಋಷಿಕೇಶಕ್ಕಿಂತ ತಿಂಗಳಿಗೆ 11,770 ಜಾಸ್ತಿಯೋ, ಕಡಿಮೆಯೋ?

ಋಷಿಕೇಶದಲ್ಲಿ ನನ್ನ ಕಾಲೇಜಿನ ಸೀನಿಯರ್ ಒಬ್ಬರಿದ್ದರು. ಅವರನ್ನು ಕೇಳಿದೆ. ಆಸ್ಪತ್ರೆ ಇರುವ ವೀರಭದ್ರ ರಸ್ತೆ, ಪಶುಲೋಕ, ಶಿವಾಜಿ ನಗರ ಕಡೆ ಅಡುಗೆಮನೆ ಸಮೇತ ಒಂದು ರೂಮು 7,500ಕ್ಕೆ ಸಿಗುತ್ತದೆ, ನಡೆದೇ ಡ್ಯೂಟಿಗೆ ಹೋಗಬಹುದು ಅಂದರು. ದೆಹಲಿಗೆ ಡಾಕ್ಯುಮೆಂಟ್ ಕೆಲಸಕ್ಕೆ ಹೋದಾಗ ಗೌತಮ್ ನಗರದಲ್ಲಿ ನಾನೇ ಮನೆ ನೋಡಿದೆ. ಏಮ್ಸ್‌ನಿಂದ ನಡೆಯುವ ದೂರ, ಆದರೆ ಅಲ್ಲಿ ಮೆಡಿಕಲ್ ಪಿಜಿ ಎಂಟ್ರೆನ್ಸ್‌ಗೆ ಓದುವ ಡಾಕ್ಟರ್‌ಗಳೇ ತುಂಬಿದ್ದಾರೆ, ಬಾಡಿಗೆ ಏರಿಸಿರುವುದೇ ಅವರು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಒಂದು ರೂಮು, ಮೂಲೆಯಲ್ಲಿ ಸ್ಲ್ಯಾಬ್ ಹಾಕಿ ಅದಕ್ಕೆ ಕಿಚನ್ ಅಂದಿದ್ದಾರೆ. ಬಾಡಿಗೆ 16,000. "ಬಿಜ್ಲಿ ಅಲಗ್", ಕರೆಂಟ್ ಬೇರೆ, ಅಂದರು ಮನೆ ಆಂಟಿ. ಯೂನಿಟ್‌ಗೆ ಎಷ್ಟು ಅಂದೆ. "ನೌ ರುಪಯೇ ಯೂನಿಟ್, ಸಬ್ ಯಹೀ ಲೇತೇ ಹೈ." ಯೂನಿಟ್‌ಗೆ ಒಂಬತ್ತು, ಎಲ್ಲರೂ ಅಷ್ಟೇ ತಗೊಳ್ಳೋದು ಅಂತ. ಮೆಟ್ಟಿಲ ಕೆಳಗೆ ಸಾಲಾಗಿ ಮನೆ ಓನರೇ ಹಾಕಿಸಿದ ಸಬ್‌ಮೀಟರ್‌ಗಳು, ಒಂದೊಂದರ ಮೇಲೂ ಮಾರ್ಕರ್‌ನಲ್ಲಿ ರೂಮ್ ನಂಬರ್. ಒಂದರ ಗಾಜು ಒಡೆದು ಸೆಲ್ಲೋ ಟೇಪ್ ಅಂಟಿಸಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ದೆಹಲಿಯಲ್ಲಿ 200 ಯೂನಿಟ್‌ವರೆಗೆ ಕರೆಂಟ್ ಫ್ರೀ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಕರೆಂಟ್ ಕಂಪನಿಯ ಮೀಟರ್ ಇದ್ದವರಿಗೆ. ಸಬ್‌ಮೀಟರ್ ಮನೆಯಲ್ಲಿ ಆ ಫ್ರೀ ನಿಮ್ಮ ತನಕ ಬರುವುದೇ ಇಲ್ಲ. ಮೇ-ಜೂನ್‌ನಲ್ಲಿ ಎಸಿ ಇಲ್ಲದೆ ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗಲು ಆಗಲ್ಲ, 43-44 ಡಿಗ್ರಿ ಇರುತ್ತದೆ. ಜನವರಿಯಲ್ಲಿ ಗೀಸರ್, ಹೀಟರ್. ಒಂಬತ್ತು ರೂಪಾಯಿ ಲೆಕ್ಕದಲ್ಲಿ ಕೆಲವು ತಿಂಗಳು ಕರೆಂಟೇ ಮೂರೂವರೆ ಸಾವಿರ ದಾಟುತ್ತದೆ. ಹಾಗಾಗಿ ನಾನು ಮನೆ ನೋಡುವಾಗ ಬಾಡಿಗೆ ಕೇಳುವ ಮೊದಲು ಯೂನಿಟ್ ರೇಟ್ ಕೇಳುತ್ತಿದ್ದೆ, ಪ್ರತ್ಯೇಕ ಮೀಟರ್ ಇದೆಯಾ ಅಂತ ಕೇಳುತ್ತಿದ್ದೆ.

ಒಬ್ಬಳೇ ಇದ್ದರೆ ಲೆಕ್ಕ ಹೀಗಾಯಿತು. ಬಾಡಿಗೆಯಲ್ಲೇ 8,500 ವ್ಯತ್ಯಾಸ. ಕರೆಂಟ್‌ನಲ್ಲಿ ವರ್ಷದ ಸರಾಸರಿ ತೆಗೆದರೆ ಇನ್ನೊಂದು ಸಾವಿರ. 11,770ರಲ್ಲಿ ಉಳಿದದ್ದು ಎರಡು ಸಾವಿರ ಚಿಲ್ಲರೆ, ಅದನ್ನು ಆಟೋ, ಹೊರಗಿನ ಊಟ ಮುಗಿಸುತ್ತದೆ. ಅಂದರೆ ದೆಹಲಿಯ ಜಾಸ್ತಿ ಸಂಬಳ ನೇರ ಮನೆ ಓನರ್ ಕೈಗೆ. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಋಷಿಕೇಶ ಹಾಕುತ್ತಿದ್ದೆ. ಗಂಗೆ ಪಕ್ಕದಲ್ಲೇ, ಗಾಳಿ ಚೆನ್ನ, ಬೇರೇನು ಬೇಕು.

ಆದರೆ ಬೆಂಗಳೂರಲ್ಲಿ ನನ್ನ ಜೊತೆ ಇದ್ದ ಮಲಯಾಳಿ ಚೇಚಿ ಒಬ್ಬರ ತಂಗಿ ದೆಹಲಿಯಲ್ಲಿದ್ದಳು, ಅವಳು ಒಂದು ಮಾತು ಹೇಳಿದಳು: ಬಾಡಿಗೆಯನ್ನು ಹಂಚಿಕೊಳ್ಳಬಹುದು, ಎಚ್‌ಆರ್‌ಎ ಯಾರ ಜೊತೆಯೂ ಹಂಚಿಕೊಳ್ಳಬೇಕಿಲ್ಲ. ನಿಜ ತಾನೆ? ಖಾಸಗಿ ಮನೆಯಲ್ಲಿ ಮೂವರು ನರ್ಸ್‌ಗಳು ಸೇರಿ ಇದ್ದರೆ ಮೂವರಿಗೂ 13,470 ಪೂರ್ತಿ ಬರುತ್ತದೆ. 27,000ದ ಎರಡು ಬೆಡ್‌ರೂಮ್ ಮನೆ ಮೂವರಿಗೆ 9,000. ಎಚ್‌ಆರ್‌ಎಯಲ್ಲೇ ನಾಲ್ಕು ಸಾವಿರದ ಮೇಲೆ ಉಳಿಯಿತು. ಒಬ್ಬಳೇ ಇರುವುದಕ್ಕಿಂತ ಬಾಡಿಗೆಯಲ್ಲಿ ಏಳು ಸಾವಿರ ಉಳಿಯಿತು. ಋಷಿಕೇಶದಲ್ಲಿ ಹಂಚಿಕೊಂಡರೆ ಬಾಡಿಗೆಯಲ್ಲಿ ಉಳಿಯುವುದು ಎರಡೂವರೆ-ಮೂರು ಸಾವಿರ ಅಷ್ಟೇ, ಯಾಕೆಂದರೆ ಬಾಡಿಗೆಯೇ ಕಡಿಮೆ. ಹೀಗೆ ನೋಡಿದಾಗ ದೆಹಲಿ ತಿಂಗಳಿಗೆ ಆರೇಳು ಸಾವಿರ ಮುಂದೆ ಬಂತು. ಒಂದು ಎಚ್ಚರ: ಇದು ಖಾಸಗಿ ಮನೆಗೆ ಮಾತ್ರ. ಸರ್ಕಾರಿ ಹಾಸ್ಟೆಲ್ ಅಥವಾ ಕ್ವಾರ್ಟರ್ಸ್ ತೆಗೆದುಕೊಂಡರೆ ಎಚ್‌ಆರ್‌ಎ ನಿಲ್ಲುತ್ತದೆ. ಬೇರೆಯವರಿಗೆ ಕೊಟ್ಟ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಜೊತೆಗೆ ಹೋಗಿ ಇದ್ದರೂ ಸಿಗುವುದಿಲ್ಲ.

ಎರಡನೆಯದು ಊರಿಗೆ ಬರುವ ದಾರಿ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್ಪನಿಗೆ ಶುಗರ್, ಬಿಪಿ ಎರಡೂ ಇದೆ, ರಾತ್ರಿ ಫೋನ್ ಬಂದರೆ ಬೆಳಿಗ್ಗೆ ಹೊರಡುವ ಹಾಗಿರಬೇಕು. ದೆಹಲಿಯಿಂದ ಬೆಂಗಳೂರಿಗೆ ದಿನವಿಡೀ ವಿಮಾನ, ಮುಂಚೆ ಬುಕ್ ಮಾಡಿದರೆ ಐದಾರು ಸಾವಿರಕ್ಕೂ ಸಿಗುತ್ತದೆ. ನಿಧಾನಕ್ಕೆ ಹೋಗೋದಾದರೆ ಯಶವಂತಪುರಕ್ಕೆ ನಿಜಾಮುದ್ದೀನ್‌ನಿಂದ ಸಂಪರ್ಕ ಕ್ರಾಂತಿ ಇದೆ. ಋಷಿಕೇಶಕ್ಕೆ ಹತ್ತಿರದ ವಿಮಾನ ನಿಲ್ದಾಣ ಜಾಲಿ ಗ್ರಾಂಟ್, ಅಲ್ಲಿ ವಿಮಾನ ಕಡಿಮೆ. ಸಿಗದಿದ್ದರೆ ಮೊದಲು ಬಸ್ಸಲ್ಲಿ ದೆಹಲಿಗೇ ಬರಬೇಕು, ಐದಾರು ಗಂಟೆ. ಎಲ್‌ಟಿಸಿ (ರಜೆಯಲ್ಲಿ ಊರಿಗೆ ಹೋಗಿಬರಲು ಕೊಡುವ ಪ್ರಯಾಣದ ಖರ್ಚು) ಇದೆಯಲ್ಲ ಅನ್ನಬಹುದು. ಹೊಸಬರಿಗೆ ನಾಲ್ಕು ವರ್ಷದಲ್ಲಿ ಮೂರು ಸಲ ಸ್ವಂತ ಊರಿಗೆ ಸಿಗುತ್ತದೆ, ಒಳ್ಳೆಯದೇ, ಆದರೆ ಒಂದು ವರ್ಷ ಸರ್ವಿಸ್ ಆಗುವ ತನಕ ಅದೂ ಇಲ್ಲ. ನಾನು ತಿಂಗಳಿಗೆ 3,500 ಊರಿನ ಓಡಾಟಕ್ಕೆ ಅಂತ ಬೇರೆಯೇ ಎತ್ತಿಟ್ಟು ಬಿಡುತ್ತೇನೆ, ಅದನ್ನು ಉಳಿತಾಯ ಅಂತ ಎಣಿಸುವುದಿಲ್ಲ.

ಹೀಗೆ ದೆಹಲಿ ಮೊದಲು ಹಾಕಿದೆ, ಸಿಕ್ಕಿತು. ಹೋಗುವಾಗಿನ ಖರ್ಚು ಬೇರೆ ಕಥೆ. ಮೊದಲ ನೇಮಕಕ್ಕೆ ಸಾಮಾನು ಸಾಗಿಸುವ ದುಡ್ಡು ಅವರು ಕೊಡುವುದಿಲ್ಲ. ನಮ್ಮ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿ, ಅಲ್ಲಿನ ರಿಜಿಸ್ಟ್ರೇಶನ್, ಮೆಡಿಕಲ್, ಎನ್‌ಪಿಎಸ್ ಖಾತೆಯ ಪ್ರಾನ್ ನಂಬರ್ ಇವೆಲ್ಲ ಆಗಿ ಮೊದಲ ಸಂಬಳ ಬರುವಷ್ಟರಲ್ಲಿ ಎರಡನೇ ತಿಂಗಳ ಬಾಡಿಗೆ ದಿನ ಬಂದಿರುತ್ತದೆ. ಎನ್‌ಒಸಿ ಕೆಲಸ ರಿಸಲ್ಟ್ ಬಂದ ದಿನವೇ ಶುರು ಮಾಡಿ. ನನ್ನನ್ನು ಕಾಪಾಡಿದ್ದು ಬೆಂಗಳೂರಿನ ಮನೆ ಅಡ್ವಾನ್ಸ್. ಅಕ್ಕನೂ ನಾನೂ ಸೇರಿ 80,000 ಕೊಟ್ಟಿದ್ದೆವು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದು ಕೊಟ್ಟರು. ದೆಹಲಿಯಲ್ಲಿ ಒಂದು ತಿಂಗಳ ಬಾಡಿಗೆ ಸೆಕ್ಯೂರಿಟಿ, ಬ್ರೋಕರ್‌ಗೆ ಅರ್ಧ ತಿಂಗಳದ್ದು, ಅಷ್ಟೇ. ಬೆಂಗಳೂರಿನ ಐದು-ಹತ್ತು ತಿಂಗಳ ಅಡ್ವಾನ್ಸ್ ಕಂಡ ನಮಗೆ ಇದು ಪುಕ್ಕಟೆ ಅನ್ನಿಸುತ್ತದೆ.

ಊಟದ ಖರ್ಚು ನಾನು ಹೆದರಿದಷ್ಟಿಲ್ಲ. ತರಕಾರಿ ಸಫಲ್ ಅಂಗಡಿಯಲ್ಲಿ, ಹಾಲು ಮದರ್ ಡೇರಿ ಬೂತ್‌ನಲ್ಲಿ, ವಾರಕ್ಕೊಮ್ಮೆ ಸಂತೆ. ತೆಂಗಿನಕಾಯಿ, ಕರಿಬೇವು, ಕುಸುಬಲಕ್ಕಿ ಬೇಕಾದರೆ ಐಎನ್‌ಎ ಮಾರ್ಕೆಟ್‌ನ ಕೇರಳ ಅಂಗಡಿಗಳು, ರೇಟ್ ಮಾತ್ರ ಕೇಳಬೇಡಿ. ರಾಗಿ ಹಿಟ್ಟು, ಜೋಳದ ರೊಟ್ಟಿ ಊರಿಂದಲೇ ಬರುತ್ತದೆ. ಬಸ್ 2019ರಲ್ಲಿ ಹೆಂಗಸರಿಗೆ ಫ್ರೀ ಮಾಡಿದರು. ಚಳಿಗಾಲದ ಖರ್ಚನ್ನು ಮಾತ್ರ ಮೊದಲ ವರ್ಷದ ಬಜೆಟ್‌ಗೆ ಸೇರಿಸಿಕೊಳ್ಳಿ. ರಜಾಯಿ, ಸ್ವೆಟರ್, ಥರ್ಮಲ್, ನವೆಂಬರ್ ಹೊಗೆಗೆ ಒಳ್ಳೆಯ ಮಾಸ್ಕ್, ಎಲ್ಲ ಸೇರಿ ಹನ್ನೆರಡು ಸಾವಿರ ದಾಟಿತು.

ಈಗ ಕೈಗೆ ಬಂದದ್ದರಲ್ಲಿ ಬಾಡಿಗೆ, ಕರೆಂಟ್, ಊಟ, ಓಡಾಟ, ಊರಿನ ಪ್ರಯಾಣದ ದುಡ್ಡು ಎಲ್ಲ ಸೇರಿ 26-27 ಸಾವಿರ ಖರ್ಚು. ಬೆಂಗಳೂರಲ್ಲಿ ನನ್ನ ಪೂರ್ತಿ ಸಂಬಳವೇ ಅಷ್ಟಿತ್ತು. ಮನೆಗೆ 15,000 ಕಳಿಸುತ್ತೇನೆ, ಲೋನ್ ಬೇಗ ತೀರಿಸಲು ಕಂತು ದೊಡ್ಡದು ಮಾಡಿದ್ದೇನೆ. 2025ರ ಜುಲೈನಿಂದ ಡಿಎ ಶೇ 58 ಆಗಿ ಇನ್ನೊಂದು ಸ್ವಲ್ಪ ಏರಿತು.

ನನ್ನ ಬ್ಯಾಚಿನ ಇನ್ನೊಬ್ಬಳು ಇದೇ ಲೆಕ್ಕ ಹಾಕಿ ಋಷಿಕೇಶ ಹಾಕಿದಳು, ಅವಳದ್ದೂ ಸರಿಯೇ. ಅವಳಿಗೆ ಎರಡು ವರ್ಷದ ಮಗು, ಅತ್ತೆ ಜೊತೆಗೆ ಬರುತ್ತಾರೆ. ಮನೆ ಹಂಚಿಕೊಳ್ಳಲು ಆಗುವುದಿಲ್ಲ, ಎರಡು ರೂಮು ಬೇಕೇ ಬೇಕು. ದೆಹಲಿಯಲ್ಲಿ ಅದಕ್ಕೆ 27,000 ಒಬ್ಬಳೇ ಕೊಡಬೇಕು, ಎಚ್‌ಆರ್‌ಎ ಅದರ ಅರ್ಧಕ್ಕೆ ಬರುತ್ತದೆ. ಅಲ್ಲಿ 11,000ಕ್ಕೆ ಅಂಗಳ ಇರುವ ಮನೆ ಸಿಕ್ಕಿದೆ. ಆದ್ದರಿಂದ ಪ್ರಿಫರೆನ್ಸ್ ತುಂಬುವವರು ನನ್ನನ್ನು ಕೇಳುವ ಮೊದಲು ಮುಂದಿನ ನಾಲ್ಕೈದು ವರ್ಷ ಮನೆಯಲ್ಲಿ ಯಾರ್ಯಾರು ಇರುತ್ತಾರೆ ಅಂತ ಬರೆದುಕೊಂಡು ಬನ್ನಿ. ಒಂದೊಂದು ಏಮ್ಸ್ ಒಂದೊಂದು ಸ್ವಾಯತ್ತ ಸಂಸ್ಥೆ, ಆಮೇಲೆ ವರ್ಗಾವಣೆ ಮಾಡಿಸಿಕೊಂಡರಾಯಿತು ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ.