ಚೀಟಿ ಜೇಬಲ್ಲೇ ಉಳಿಯದ ಹಾಗೆ: ಮಾಜಿ ಸೈನಿಕರ ಪ್ರಾಣ ಕಾಯಲು ತಾಲೂಕಿಗೊಂದು ಕೊಂಡಿ

ನನ್ನ ಸೋದರಮಾವ ಸೇನೆಯಲ್ಲಿ 17 ವರ್ಷ ಇದ್ದು ನಾಯಕ್ ಆಗಿ ಪೆನ್ಷನ್ ಬಂದವರು. ಊರಿಗೆ ಬಂದಾಗ ಅವರಿಗಿನ್ನೂ 37. ಮೂರು ವರ್ಷದ ನಂತರ ಒಂದು ರಾತ್ರಿ ಅವರು ಜೀವ ಕಳೆದುಕೊಳ್ಳಲು ಹೊರಟಿದ್ದರು. ಪುಣ್ಯಕ್ಕೆ ಪಕ್ಕದ ತೋಟದವರು ನೋಡಿ ಕರೆತಂದರು. ತಾಲೂಕು ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು, ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ ಅಂತ ಒಂದು ಚೀಟಿ ಬರೆದುಕೊಟ್ಟು ಮನೆಗೆ ಕಳಿಸಿದರು.

ಆ ಚೀಟಿ 11 ದಿನ ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಯಾಂಟಿನ ಜೇಬಲ್ಲಿತ್ತು. ಮಾಜಿ ಸೈನಿಕರ ಸಂಘದವರು ಕರೆದುಕೊಂಡು ಹೋಗುತ್ತಾರೆ ಅಂತ ಅತ್ತೆ ಸುಮ್ಮನಿದ್ದರು. ಮನೆಯವರು ಹೋಗಿ ಬಂದಿರುತ್ತಾರೆ ಅಂತ ಸಂಘದವರು ಸುಮ್ಮನಿದ್ದರು. ನಾನು ಬೆಂಗಳೂರಲ್ಲಿ ಕೂತು, ಮಿಲಿಟ್ರಿ ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ ಬಿಡು ಅಂದುಕೊಂಡಿದ್ದೆ. ಅವರಿಗೆ ವಿಷಯವನ್ನೇ ಯಾರೂ ಹೇಳಿರಲಿಲ್ಲ. ಪ್ಯಾಂಟು ಒಗೆಯಲು ಹಾಕುವಾಗ ಚೀಟಿ ಅತ್ತೆಯ ಕೈಗೆ ಸಿಕ್ಕಿತು. ಮಾವ ಈಗ ಚೆನ್ನಾಗಿದ್ದಾರೆ, ಶುಂಠಿ ಬೆಳೆದು ಅದರ ರೇಟಿಗೆ ಬೈಯುತ್ತಾ ಇದ್ದಾರೆ. ಆದರೆ ಆ 11 ದಿನ ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ತಳಮಳ.

ಮಾಜಿ ಸೈನಿಕರಿಗೆ ನೆರವು ಇಲ್ಲ ಅನ್ನುವಂತಿಲ್ಲ. ಸೈನಿಕ ಕಲ್ಯಾಣ ಕಚೇರಿ ಇದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಇದೆ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಫೋನಿನಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಇದೆ. ಒಬ್ಬರಿಂದ ಇನ್ನೊಬ್ಬರ ಹತ್ತಿರ ಕೈಹಿಡಿದು ದಾಟಿಸುವ ಕೊಂಡಿಯಂಥವರೇ ಇಲ್ಲ. ಆ ಕೆಲಸವನ್ನು ತಾಲೂಕಿನ ಮಾಜಿ ಸೈನಿಕರ ಸಂಘವೇ ಮಾಡಬಹುದು. ಒಂದು ಫೋನು, ಒಂದು ಲಾಂಗ್ ನೋಟ್‌ಬುಕ್ಕು, ಇಬ್ಬರು ಜನ ಇದ್ದರೆ ಸಾಕು.

ಕೊಂಡಿಯಾಗುವವರು ಯಾರು?

ಅಮೆರಿಕದಲ್ಲಿ ಮಾಜಿ ಸೈನಿಕರ ಪ್ರತಿ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲೂ ಇದಕ್ಕೆಂದೇ ಸಂಬಳದ ಸಂಯೋಜಕರಿದ್ದಾರೆ. ಅಲ್ಲಿನ ಸಹಾಯವಾಣಿ 988 ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರ ವಿಭಾಗಕ್ಕೇ ಹೋಗುತ್ತದೆ. ನಮ್ಮ ತಾಲೂಕುಗಳಲ್ಲಿ ಅಂಥ ಹುದ್ದೆ ಇಲ್ಲ, ನಾವೇ ಒಬ್ಬರನ್ನು ಹುಡುಕಿಕೊಳ್ಳಬೇಕು.

ಸಂಘದ ಅಧ್ಯಕ್ಷರನ್ನೇ ಮಾಡಬೇಡಿ. ಅವರಿಗೆ ಆಗಸ್ಟ್ 15, ಕಾರ್ಗಿಲ್ ದಿನ, ಕ್ಯಾಂಟೀನ್ ಗಲಾಟೆ ಅಂತ ಸಾವಿರ ಕೆಲಸ. ಅವರು ಅಧಿಕಾರಿಯಾಗಿದ್ದವರಾದರೆ, ಸಿಪಾಯಿಯಾಗಿದ್ದವನು ಅವರ ಮುಂದೆ ಮನಸ್ಸು ಬಿಚ್ಚುವುದೂ ಕಷ್ಟ. ಹವಾಲ್ದಾರ್ ಅಥವಾ ಸುಬೇದಾರ್ ಆಗಿ ಬಂದ, ಬೇರೆಯವರ ವಿಷಯ ಹೋಟೆಲಿನಲ್ಲಿ ಆಡದ ಒಬ್ಬರು ಸಾಕು. ಜೊತೆಗೆ ಒಬ್ಬ ಹೆಂಗಸು ಇರಲೇಬೇಕು, ಸೈನಿಕರೊಬ್ಬರ ಹೆಂಡತಿಯೋ ವೀರ ನಾರಿಯೋ (ಹುತಾತ್ಮ ಸೈನಿಕರ ಪತ್ನಿ) ಆಗಬಹುದು. ಗಂಡ ಮೂರು ರಾತ್ರಿಯಿಂದ ಮಲಗಿಲ್ಲ ಅನ್ನುವುದು ಮೊದಲು ಗೊತ್ತಾಗುವುದು ಹೆಂಡತಿಗೆ. ಅದನ್ನು ಅವರು ಸಂಘದ ಗಂಡಸರಿಗೆ ಹೇಳುವುದಿಲ್ಲ.

ಬಾಗಿಲು ಬಾಗಿಲಿಗೆ ಹೋಗಿ

ಅಂತರ್ಜಾಲದಿಂದ ನಂಬರ್ ಇಳಿಸಿ ಗೋಡೆಗೆ ಅಂಟಿಸಿದರೆ ಕೆಲಸ ಆಗಲ್ಲ. ಒಂದು ವಾರ ಬಿಡುವು ಮಾಡಿಕೊಂಡು ಪ್ರತಿ ಜಾಗಕ್ಕೂ ಹೋಗಿ. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿ: "ನಾನು ಒಬ್ಬರನ್ನು ಕರೆದುಕೊಂಡು ಬಂದರೆ ಯಾರನ್ನು ಕೇಳಬೇಕು, ಯಾವ ದಿನ ಬರಬೇಕು?"

ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ದೇಶಕ್ಕೆಲ್ಲ ಹರಡಿದ ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ, 1980 ರ ದಶಕದಲ್ಲಿ, ನಿಮ್ಹಾನ್ಸ್ ಕೈಯಲ್ಲಿ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗೂ ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ತಾಲೂಕಿನ ಸರದಿ ಯಾವ ಮಂಗಳವಾರ ಅಂತ ಅಲ್ಲೇ ಕೇಳಿ ಬರೆದುಕೊಳ್ಳಿ.

ಇಸಿಎಚ್‌ಎಸ್ 2003 ರ ಏಪ್ರಿಲ್ 1 ರಿಂದ ಇದೆ. ಕಾರ್ಡ್ ಇರುವ ಪೆನ್ಷನ್‌ದಾರರಿಗೂ ಹೆಂಡತಿಗೂ ಮನಸ್ಸಿನ ಕಾಯಿಲೆಗೆ ಇಲ್ಲಿ ಚಿಕಿತ್ಸೆ ಸಿಗುತ್ತದೆ. ಮಾಮೂಲಿ ದಿನಗಳಲ್ಲಿ ಪಾಲಿಕ್ಲಿನಿಕ್‌ನಿಂದ ರೆಫರಲ್ ತಗೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು. ತುರ್ತು ಇದ್ದಾಗ ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಿ, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಗಾಬರಿಯಲ್ಲಿ ಮನೆಯವರು ಮರೆಯುವುದು ಇದನ್ನೇ, ಆಮೇಲೆ ಬಿಲ್ಲು ತಲೆ ಮೇಲೆ ಕೂರುತ್ತದೆ. ತಿಳಿಸುವ ಜವಾಬ್ದಾರಿ ಕೊಂಡಿಯವರದು.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಎಲ್ಲ ಜಿಲ್ಲೆಯಲ್ಲೂ ಇಲ್ಲ. ಕೆಲವು ಕಡೆ ಪಕ್ಕದ ಜಿಲ್ಲೆಯವರೇ ನೋಡಿಕೊಳ್ಳುತ್ತಾರೆ. ಮಗಳ ಮದುವೆ ಸಾಲ, ಪೆನ್ಷನ್ ತಡೆ, ಜಮೀನು ತಕರಾರು, ಇಂಥ ಗಂಟುಗಳನ್ನು ಬಿಡಿಸಲು ಈ ಕಚೇರಿ ಬೇಕು. ಇಪ್ಪತ್ತು ವರ್ಷ ಗಡಿಯಲ್ಲಿದ್ದು ಬರುವಷ್ಟರಲ್ಲಿ ಅಣ್ಣತಮ್ಮಂದಿರು ಬದು ಒತ್ತಿರುವ ಕಥೆ ಪ್ರತಿ ಊರಲ್ಲೂ ಇದೆ, ಅಲ್ವಾ? ಸೈನಿಕ ಕುಟುಂಬಗಳ ಕಾನೂನು ನೆರವಿಗೆ 2025 ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಒಂದು ಯೋಜನೆಯನ್ನೇ ತಂದಿದೆ. ಮಾತ್ರೆ ನಿದ್ದೆ ಕೊಡುತ್ತದೆ, ಬದುವಿನ ತಕರಾರನ್ನು ಬೇರೆಯವರೇ ಬಿಡಿಸಬೇಕು.

ಟೆಲಿ ಮಾನಸ್ ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022 ರ ಅಕ್ಟೋಬರ್ 10 ರಂದು ಶುರುವಾಯಿತು. 2023 ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆ, ಅವರ ಮನೆಯವರಿಗೆ ಅಂತಲೇ ಅದರ ಒಂದು ವಿಶೇಷ ಘಟಕ ತೆರೆದರು. ಕೊಂಡಿಯವರು ತಾವೇ ಒಮ್ಮೆ ಈ ನಂಬರಿಗೆ ಕರೆ ಮಾಡಿ ನೋಡಿರಬೇಕು. ಯಾರು ಎತ್ತುತ್ತಾರೆ, ಏನು ಕೇಳುತ್ತಾರೆ ಅಂತ ಗೊತ್ತಿದ್ದರೆ ಇನ್ನೊಬ್ಬರಿಗೆ ಧೈರ್ಯವಾಗಿ ಹೇಳಬಹುದು. ಓದುತ್ತಿರುವ ನಿಮಗೇ ಇಂಥ ಯೋಚನೆ ಬರುತ್ತಿದ್ದರೆ, ಮುಂದಿನ ಭಾಗ ಆಮೇಲೆ ಓದಿ. ಮೊದಲು ಈ ನಂಬರ್ ಒತ್ತಿ.

ನೇರವಾಗಿ ಕೇಳುವುದು

ಸೇನೆಯಲ್ಲಿ ವೈದ್ಯಕೀಯ ದರ್ಜೆಗೆ 'ಶೇಪ್' ಅನ್ನುತ್ತಾರೆ. ಅದರ ಮೊದಲ ಅಕ್ಷರ 'ಎಸ್' ಮನಸ್ಸಿಗೆ ಸಂಬಂಧಿಸಿದ್ದು. 'ಶೇಪ್ ಒನ್', ಅಂದರೆ ಪೂರ್ತಿ ಫಿಟ್, ಇದ್ದರೆ ಪ್ರಮೋಷನ್, ಇಲ್ಲದಿದ್ದರೆ ಕೆಟಗರಿ ಇಳಿದ ಅಂತ ಮಾತು. ಹಾಗಾಗಿ ಸರ್ವೀಸ್ ಇರುವಷ್ಟು ದಿನ ಮನಸ್ಸಿನ ಕಷ್ಟ ಬಚ್ಚಿಡುವುದನ್ನು ಕಲಿತ ಮನುಷ್ಯ ಪೆನ್ಷನ್ ಬಂದ ಮೇಲೂ ಬಚ್ಚಿಡುತ್ತಾನೆ. ಮನೋವೈದ್ಯರ ಹತ್ತಿರ ಹೋದ ಮಾತ್ರಕ್ಕೆ ಪೆನ್ಷನ್ ನಿಲ್ಲುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಬಾಯಿಗೆ ಹಾಕಿದ ಬೀಗ ಅರ್ಧ ಅಲ್ಲೇ ಬಿಚ್ಚುತ್ತದೆ.

ಕೇಳುವುದು ಹೇಗೆ? ಸುತ್ತಿಬಳಸಬೇಡಿ. ಮೊದಲು ನಿದ್ದೆ, ಊಟ, ಕುಡಿತ. ಮಿಲಿಟ್ರಿ ಕ್ಯಾಂಟೀನಿನ ಮದ್ಯದ ಕೋಟಾ ತಿಂಗಳ ಮೊದಲ ವಾರದಲ್ಲೇ ಖಾಲಿಯಾಗುತ್ತಿದೆಯಾ ಅಂತ ತಮಾಷೆಯಾಗಿಯೇ ಕೇಳಬಹುದು. ಆಮೇಲೆ: "ಬದುಕೋದೇ ಬೇಡ ಅನ್ನಿಸ್ತಾ ಇದೆಯಾ? ಪ್ರಾಣ ತೆಗೆದುಕೊಳ್ಳೋ ಯೋಚನೆ ಬಂದಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ಕಲ್ಪನೆ. ಹಾಗೆ ಕೇಳಿದ್ದಕ್ಕೆ ಒಬ್ಬರು ನಿಟ್ಟುಸಿರು ಬಿಟ್ಟು "ಅಬ್ಬ, ಕೇಳಿದ್ರಲ್ಲ" ಅಂದದ್ದನ್ನು ನಾನೇ ನೋಡಿದ್ದೇನೆ.

"ನೀನು ಸೈನಿಕ, ಧೈರ್ಯವಾಗಿರಬೇಕು" ಅನ್ನುವ ಮಾತು ಮಾತ್ರ ದಯವಿಟ್ಟು ಬೇಡ.

ಹೌದು ಅಂದರೆ ಆ ಹೊತ್ತು ಒಬ್ಬರನ್ನೇ ಬಿಟ್ಟು ಬರಬೇಡಿ. ಪ್ರಾಣಕ್ಕೆ ಈಗಲೇ ಅಪಾಯ ಅನ್ನಿಸಿದರೆ 108 ಕರೆಯಿರಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಮನೆಯವರು ಆಸ್ಪತ್ರೆಗೆ ಹೋಗಲು ಹೆದರುತ್ತಾರೆ. 2017 ರ ಮಾನಸಿಕ ಆರೋಗ್ಯ ಕಾಯ್ದೆಯ 115 ನೇ ಕಲಂ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಶಿಕ್ಷೆ ಕೊಡುವ ಬದಲು ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ. ಈ ಒಂದು ಸಾಲನ್ನು ಕೊಂಡಿಯವರು ಬಾಯಿಪಾಠ ಮಾಡಿಕೊಂಡಿರಲಿ.

ಕೋವಿ, ಔಷಧಿ, ಬೀಗ

ಇದು ಹೇಳಲು ಮುಜುಗರದ ವಿಷಯ, ಆದರೂ ಹೇಳಲೇಬೇಕು. ಸಾಯಬೇಕು ಅನ್ನುವ ತೀವ್ರ ಗಳಿಗೆ ಎಷ್ಟೋ ಜನರಲ್ಲಿ ಬಂದಷ್ಟೇ ಬೇಗ ಇಳಿಯುತ್ತದೆ. ಆ ಹೊತ್ತಿಗೆ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಪ್ರಾಣ ಉಳಿಯುತ್ತದೆ.

ಬ್ಯಾಂಕಿನ ಗನ್‌ಮ್ಯಾನ್ ಕೆಲಸಕ್ಕೆ ಅಂತ ಎಷ್ಟೋ ಮಾಜಿ ಸೈನಿಕರ ಮನೆಯಲ್ಲಿ ಲೈಸೆನ್ಸ್ ಬಂದೂಕು ಇರುತ್ತದೆ. ಕೊಡಗಿನಲ್ಲಿ ಇದು ಇನ್ನೂ ಸೂಕ್ಷ್ಮ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಅಲ್ಲಿನ ವಂಶಪಾರಂಪರ್ಯ ಜಮೀನಿನವರು) ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ಈಗ 2029 ರ ತನಕ ಮುಂದುವರಿಸಿದ್ದಾರೆ. ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುವ ಕೋವಿಯನ್ನು 'ಕೊಡಿ' ಅಂದರೆ ಮರ್ಯಾದೆಗೆ ಕೈಹಾಕಿದ ಹಾಗಾಗುತ್ತದೆ. ಅದಕ್ಕೇ ಮಾತು ಬೇರೆ ಥರ ಇರಲಿ: "ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸ್ತೀವಲ್ಲ, ಹಾಗೇ ಎರಡು ತಿಂಗಳು ಇಟ್ಟಿರೋಣ. ನಿದ್ದೆ ಸರಿಹೋದ ಮೇಲೆ ತಂದರಾಯಿತು." ಕಾನೂನು ಪ್ರಕಾರ ಎಲ್ಲಿ ಇಡಬಹುದು ಅಂತ ಠಾಣೆಯಲ್ಲೇ ಕೇಳಿಕೊಳ್ಳಿ. ತೋಟದ ಕೀಟನಾಶಕಕ್ಕೂ ಬೀಗ ಬೀಳಲಿ, ಕೀಲಿ ಪಕ್ಕದ ಮನೆಯಲ್ಲಿರಲಿ. ಮಾತ್ರೆಯ ಡಬ್ಬಿ ಹೆಂಡತಿಯ ಹತ್ತಿರ ಇರಲಿ.

ಒಂಬತ್ತು ಕರೆ, ಹದಿನೆಂಟು ತಿಂಗಳು

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ 5 ಊರುಗಳಲ್ಲಿ ಒಂದು ಅಧ್ಯಯನ ಮಾಡಿತು, ಫಲಿತಾಂಶ ಬಂದದ್ದು 2008 ರಲ್ಲಿ. ಜೀವ ಕಳೆದುಕೊಳ್ಳಲು ಹೋಗಿ ಆಸ್ಪತ್ರೆ ಸೇರಿದ್ದ 1,867 ಜನರಲ್ಲಿ ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಒಂದು ಗಂಟೆ ಕೂತು ಮಾತು, ಆಮೇಲೆ 18 ತಿಂಗಳಲ್ಲಿ 9 ಸಲ ಫೋನು ಅಥವಾ ಭೇಟಿ. 18 ತಿಂಗಳ ಕೊನೆಗೆ ಮಾಮೂಲಿ ಗುಂಪಿನಲ್ಲಿ 100 ಕ್ಕೆ 2.2 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಫೋನು ಹೋದ ಗುಂಪಿನಲ್ಲಿ 0.2. ಹೊಸ ಔಷಧಿ ಏನೂ ಇಲ್ಲ, ವಿಚಾರಿಸಿಕೊಂಡದ್ದು ಅಷ್ಟೇ.

ಆ 9 ಸಂಪರ್ಕದ ಲೆಕ್ಕ ಹೀಗಿತ್ತು: 1, 2, 4, 7 ಮತ್ತು 11 ನೇ ವಾರ, ನಂತರ 4, 6, 12 ಮತ್ತು 18 ನೇ ತಿಂಗಳು. ಮೊದಲ ಮೂರು ತಿಂಗಳಲ್ಲೇ ಐದು. ಆಸ್ಪತ್ರೆಯಿಂದ ಬಂದ ಹೊಸತರಲ್ಲೇ ಅಪಾಯ ಜಾಸ್ತಿ. ಅದೇ ಹೊತ್ತಿಗೆ ಊರವರು "ಈಗ ಹುಷಾರಾದ" ಅಂತ ಹಗುರಾಗಿರುತ್ತಾರೆ.

ನೋಟ್‌ಬುಕ್ಕಿನಲ್ಲಿ ಒಬ್ಬರಿಗೆ ಒಂದು ಪುಟ. ಮೇಲೆ ಹೆಸರಿನ ಬದಲು ಒಂದು ನಂಬರ್. ಆಸ್ಪತ್ರೆಯಿಂದ ಬಂದ ದಿನವೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಒಂಬತ್ತು ತಾರೀಕನ್ನೂ ಬರೆದುಬಿಡಿ. ಪಕ್ಕದಲ್ಲಿ ಮೂರು ಕಾಲಂ: ಮುಂದಿನ ಡಾಕ್ಟರ್ ದಿನ, ಮಾತ್ರೆ ಯಾವತ್ತಿನ ತನಕ ಇದೆ, ಜೊತೆಗೆ ಹೋಗುವವರು ಯಾರು. ಮೂರನೇ ಕಾಲಂ ಖಾಲಿ ಬಿಡಬೇಡಿ. "ಮನೆಯವರು" ಅಂತ ಬರೆಯುವುದೂ ಬೇಡ, ಭಾವನೋ ಮಗಳೋ ಯಾರು ಅಂತ ಹೆಸರು ಬರೆಯಿರಿ. ನಮ್ಮ ಮಾವನ ಚೀಟಿ ಜೇಬಲ್ಲಿ ಉಳಿದದ್ದು ಇದೊಂದು ಕಾಲಂ ಇಲ್ಲದ್ದಕ್ಕೆ.

ಕರೆ ಉದ್ದ ಇರಬೇಕಾಗಿಲ್ಲ:

"ನಮಸ್ಕಾರ ಸಾಬ್. ಮಂಗಳವಾರ ಡಾಕ್ಟರ್ ಸಿಕ್ಕಿದ್ರಾ?"

"ಸಿಕ್ಕಿದ್ರು."

"ಮಾತ್ರೆ ಎಷ್ಟು ದಿನಕ್ಕೆ ಕೊಟ್ರು?"

"ಹದಿನೈದು ದಿನಕ್ಕೆ. ಆದ್ರೆ ಹಗಲೆಲ್ಲ ತೂಕಡಿಕೆ ಬರುತ್ತೆ ಅಂತ ನಿಲ್ಲಿಸ್ಬಿಟ್ಟೆ."

ಇಲ್ಲಿ ಸಿಕ್ಕಿತಲ್ಲ! ಕರೆ ಹೋಗದಿದ್ದರೆ ಇದು ಡಾಕ್ಟರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಅಷ್ಟರಲ್ಲೇ ಜನ ಬಿಟ್ಟುಬಿಡುತ್ತಾರೆ. ನೀವಾಗಿ ಡೋಸು ಹೇಳಬೇಡಿ. ಆ ಕ್ಷಣವೇ ಆಸ್ಪತ್ರೆಯಲ್ಲಿ ಪರಿಚಯ ಮಾಡಿಕೊಂಡವರಿಗೆ ಫೋನ್ ಹಚ್ಚಿ, ಮಾತಾಡಿಸಿ. ಅಧ್ಯಯನದಲ್ಲಿ ಕರೆ ಮಾಡಿದವರು ಡಾಕ್ಟರು, ನರ್ಸುಗಳಂಥ ತರಬೇತಿ ಪಡೆದವರು. ನಮ್ಮ ಕೊಂಡಿಯವರು ಅವರ ಜಾಗ ತುಂಬಲಾರರು, ತುಂಬಬೇಕಾಗೂ ಇಲ್ಲ. ವಿಚಾರಿಸಿ ದಾಟಿಸಿದರೆ ಅವರ ಕೆಲಸ ಮುಗಿಯಿತು.

ಇನ್ನೊಂದು: ಈ ಪುಟದ ಯಾವ ಸಾಲೂ ಸಂಘದ ವಾಟ್ಸಾಪ್ ಗುಂಪಿಗೆ ಹೋಗಬಾರದು. "ಅವರಿಗಾಗಿ ಪ್ರಾರ್ಥಿಸಿ" ಅಂತಲೂ ಬೇಡ. ಗುಂಪಿಗೆ ಹೋದ ಸಂಜೆಯೇ ಅದು ಊರಿನ ಕಟ್ಟೆಯಲ್ಲಿರುತ್ತದೆ.

ಪಟ್ಟಿಯಲ್ಲಿ ಇಲ್ಲದವರು

ಪೆನ್ಷನ್‌ಗೆ ಬೇಕಾದ 15 ವರ್ಷ ತುಂಬುವ ಮೊದಲೇ ಸೇನೆ ಬಿಟ್ಟವರು ಸಂಘಕ್ಕೂ ಬರುವುದಿಲ್ಲ, ಇಸಿಎಚ್‌ಎಸ್ ಬಾಗಿಲಿಗೂ ಬರುವುದಿಲ್ಲ. 2022 ರಲ್ಲಿ ಶುರುವಾದ ಅಗ್ನಿಪಥದಲ್ಲಿ 4 ವರ್ಷ ಮುಗಿಸಿ ಬರುವ ಹುಡುಗರಿಗೂ ಪೆನ್ಷನ್ ಇಲ್ಲ. ಇವರಿಗೆ ಜಿಲ್ಲಾಸ್ಪತ್ರೆ ಮತ್ತು 14416 ಅಂತೂ ಇದ್ದೇ ಇದೆ, ಅಲ್ಲಿಗೆ ಸೇನೆಯ ಡಿಸ್ಚಾರ್ಜ್ ಬುಕ್ ಬೇಕಾಗಿಲ್ಲ. ಸಂಘದ ಸಭೆಗೆ ಅವರನ್ನೂ ಕರೆಯಿರಿ. ಪೆನ್ಷನ್ ಇರುವವರಲ್ಲೂ ವರ್ಷದ ಜೀವನ ಪ್ರಮಾಣಪತ್ರ ಮಾಡಿಸಲು ಯಾರು ಬರಲಿಲ್ಲ ಅಂತ ಗಮನಿಸಿ. ಅದಿಲ್ಲದಿದ್ದರೆ ಪೆನ್ಷನ್ ನಿಲ್ಲುತ್ತದೆ ಅಂತ ಗೊತ್ತಿದ್ದೂ ಒಬ್ಬರು ಬರಲಿಲ್ಲ ಅಂದರೆ, ಆ ಮನೆಗೆ ಒಮ್ಮೆ ಹೋಗಿ ಬರಬೇಕು.

ಕೊನೆಗೆ ಒಂದು ಚಿಕ್ಕ ವ್ಯವಸ್ಥೆ. ಕೊಂಡಿಯವರೂ ಮನುಷ್ಯರೇ, ಮಗಳ ಬಾಣಂತನಕ್ಕೆ ಅಂತ ಒಂದು ತಿಂಗಳು ಪುಣೆಗೆ ಹೋಗುತ್ತಾರೆ. ಹೋಗುವ ಮೊದಲು ನೋಟ್‌ಬುಕ್ಕು, ಫೋನು ಎರಡನ್ನೂ ಇನ್ನೊಬ್ಬರ ಕೈಗೆ ಕೊಟ್ಟು, ಆ ತಿಂಗಳಲ್ಲಿ ಬರುವ ತಾರೀಕುಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತಿ ತೋರಿಸಿ ಹೋಗಲಿ. ಸೇನೆಯಲ್ಲಿ ಪಹರೆ ಬದಲಾಗುವಾಗ ಮಾಡುತ್ತಿದ್ದರಲ್ಲ, ಹಾಗೇ.