ಅಗೆಯದೆ ಮಾಡುವ ತರಕಾರಿ ಮಡಿ

ಹೊಸದಾಗಿ ತರಕಾರಿ ಮಡಿ ಮಾಡಬೇಕು ಅಂದ ತಕ್ಷಣ ಜನ ಮೊದಲು ಹುಡುಕುವುದು ಗುದ್ದಲಿಯನ್ನು. ಹುಲ್ಲು ಹಬ್ಬಿದ ಗಟ್ಟಿ ನೆಲ ಅಗೆದು, ಹೆಂಟೆ ಒಡೆದು, ಬೇರು ಆರಿಸಿ ಮುಗಿಸುವಷ್ಟರಲ್ಲಿ ಬಿತ್ತುವ ಹುರುಪೇ ಇಳಿದುಹೋಗಿರುತ್ತದೆ. ಸೊಂಟ ನೋವು ಬೇರೆ. ನನ್ನ ಮಾತು ಕೇಳುವುದಾದರೆ ಅಗೆಯಲೇಬೇಡಿ. ಇರುವ ಹುಲ್ಲಿನ ಮೇಲೆಯೇ ರಟ್ಟು ಹಾಸಿ. ಅದರ ಮೇಲೆ ಎಲೆ, ಹುಲ್ಲು, ಗೊಬ್ಬರವನ್ನು ಪದರ ಪದರವಾಗಿ ಹೊದಿಸಿ. ಮಣ್ಣನ್ನು ಹದ ಮಾಡುವ ಕೆಲಸವನ್ನು ಎರೆಹುಳುಗಳಿಗೆ ಬಿಡಿ.

ಇದನ್ನು ಸುಮ್ನೆ ಕೆಲಸ ತಪ್ಪಿಸಿಕೊಳ್ಳುವ ಉಪಾಯ ಅಂದುಕೊಳ್ಳಬೇಡಿ. ಯಾವ ಮಣ್ಣಿನಲ್ಲೇ ಆಗಲಿ, ವರ್ಷಗಟ್ಟಲೆ ಹುದುಗಿ ಕುಳಿತ ಕಳೆ ಬೀಜಗಳಿರುತ್ತವೆ. ಅಗೆದು ಮಗುಚಿದರೆ ಅವು ಮೇಲೆ ಬರುತ್ತವೆ. ಬೆಳಕು ಸೋಕಿದರೆ ಸಾಕು, ಮೊಳೆಯುತ್ತವೆ. ಎರೆಹುಳು ಕೊರೆದ ದಾರಿಗಳು, ಹಳೆಯ ಬೇರು ಕೊಳೆತು ಬಿಟ್ಟ ಸಂದುಗಳು, ಬೇರುಗಳಿಗೆ ನೀರು ಮತ್ತು ಪೋಷಕಾಂಶ ಒದಗಿಸುವ ಶಿಲೀಂಧ್ರದ ಸಣ್ಣ ಎಳೆಗಳು, ಇವೆಲ್ಲ ಗುದ್ದಲಿ ಏಟಿಗೆ ಮುರಿದುಹೋಗುತ್ತವೆ. ನೀರು ಇಂಗುವುದು, ಗಾಳಿ ಆಡುವುದು ಎಲ್ಲ ಆ ಸಂದುಗಳಲ್ಲೇ ಅಲ್ವಾ?

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ನೀರಿನ ಪೈಪು ತಲುಪುವ ಜಾಗ ಆರಿಸಿ. ಮಡಿಯ ಅಗಲ 4 ಅಡಿ ದಾಟಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ತನಕ ಎಟುಕಬೇಕು. ಒಮ್ಮೆ ಮಡಿ ಮಾಡಿದ ಮೇಲೆ ಅದರ ಮೇಲೆ ಕಾಲಿಡುವಂತಿಲ್ಲ, ತುಳಿದರೆ ಮಣ್ಣು ಮತ್ತೆ ಗಟ್ಟಿಯಾಗುತ್ತದೆ. ಉದ್ದ ನಿಮ್ಮಿಷ್ಟ, ಆದರೆ ಮೊದಲ ಸಲ ಚಿಕ್ಕದಾಗಿಯೇ ಮಾಡಿ. ಇದಕ್ಕೆ ಬೇಕಾಗುವ ಎಲೆ, ಗೊಬ್ಬರ ನೀವು ಊಹಿಸಿದ್ದಕ್ಕಿಂತ ತುಂಬಾ ಜಾಸ್ತಿ. ಮನೆಯ ಗೋಡೆಗೆ ತಾಗಿಸಿ ಮಾತ್ರ ಮಾಡಬೇಡಿ. ಗೋಡೆಗೆ ತೇವ ಏರುತ್ತದೆ. ಒದ್ದೆ ರಟ್ಟಿಗೆ ಬರುವ ಗೆದ್ದಲು ಮನೆಯ ಮರಕ್ಕೂ ಹೋಗಬಹುದು.

ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ ಅಲ್ಲೇ ಬಿಡಿ. ಪೊದೆ, ಮುಳ್ಳುಗಿಡದ ಗಟ್ಟಿ ಬುಡಗಳಿದ್ದರೆ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ರಟ್ಟನ್ನು ತೂತು ಮಾಡಿಕೊಂಡು ಚಿಗುರುತ್ತವೆ. ನೆಲ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಕವಲು ಹಾರೆಯನ್ನು ಅಲ್ಲಲ್ಲಿ ಚುಚ್ಚಿ, ಸ್ವಲ್ಪ ಅಲುಗಾಡಿಸಿ ತೆಗೆದರೆ ಸಾಕು. ಮಗುಚಬೇಡಿ. ಆಮೇಲೆ ನೆಲ ಚೆನ್ನಾಗಿ ನೆನೆಯುವಷ್ಟು ನೀರು ಹಾಕಿ.

ಇನ್ನು ರಟ್ಟಿನ ವಿಷಯ. ಮಡಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಬಣ್ಣವಿಲ್ಲದ ಕಂದು ರಟ್ಟಿನ ಪೆಟ್ಟಿಗೆಗಳೇ ಬೇಕು. ಪ್ಲಾಸ್ಟಿಕ್ ಟೇಪು, ಸ್ಟೇಪಲ್ ಪಿನ್ನು, ಅಂಟಿಸಿದ ಚೀಟಿ ಎಲ್ಲವನ್ನೂ ತೆಗೆಯಿರಿ. ಒಣಗಿದ್ದಾಗ ಟೇಪು ಬಿಡದಿದ್ದರೆ ರಟ್ಟನ್ನು ನೀರಿನಲ್ಲಿ ನೆನೆಸಿ, ಸಲೀಸಾಗಿ ಬರುತ್ತದೆ. ಹೊಳೆಯುವ ಬಣ್ಣದ ರಟ್ಟು, ಮೇಣ ಬಳಿದ ರಟ್ಟು ಬೇಡ. ಹಾಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಕನಿಷ್ಠ 6 ಇಂಚು ಬರಲೇಬೇಕು. ಈ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಹುಲ್ಲಿಗೆ ಬೆರಳಗಲ ಸಂದು ಸಿಕ್ಕಿದರೂ ಬೆಳಕು ಹುಡುಕಿಕೊಂಡು ಹೊರಗೆ ಬರುತ್ತದೆ. ಮಡಿಯ ಅಂಚಿನಿಂದ ಆಚೆಗೂ ಅರ್ಧ ಅಡಿ ರಟ್ಟು ಚಾಚಿರಲಿ. ರಟ್ಟು ಸಿಗದಿದ್ದರೆ ಹಳೆಯ ದಿನಪತ್ರಿಕೆಯ 8-10 ಹಾಳೆ ಒಟ್ಟಿಗೆ ಹಾಸಬಹುದು, ಆದರೆ ಗಾಳಿಯಿಲ್ಲದ ಹೊತ್ತು ನೋಡಿಕೊಳ್ಳಿ. ಹಾಸಿದ ಮೇಲೆ ರಟ್ಟು ಮೆತ್ತಗಾಗಿ ನೆಲಕ್ಕೆ ಅಂಟುವ ತನಕ ನೀರು ಹಾಕಿ. ಒಣ ರಟ್ಟು ನೀರನ್ನು ಕೆಳಗೆ ಬಿಡುವುದಿಲ್ಲ. ಎಷ್ಟೋ ಮಡಿಗಳು ಹಾಳಾಗುವುದು ಇದೇ ಕಾರಣಕ್ಕೆ.

ರಟ್ಟಿನ ಮೇಲೆ ಒಣ ಪದರ, ಹಸಿ ಪದರ ಅಂತ ಒಂದಾದ ಮೇಲೊಂದು ಹಾಕುತ್ತಾ ಹೋಗಿ. ತರಗೆಲೆ, ಒಣಹುಲ್ಲು, ಚೂರು ಮಾಡಿದ ಕಾಗದ, ಇವು ಒಣ ಜಾತಿ. ಇವುಗಳಲ್ಲಿ ಇಂಗಾಲ ಜಾಸ್ತಿ. ಆಗಷ್ಟೇ ಕತ್ತರಿಸಿದ ಹುಲ್ಲು, ತರಕಾರಿ ಸಿಪ್ಪೆ, ಟೀ ಕಾಫಿಯ ಚರಟ, ಸಗಣಿ, ಇವು ಹಸಿ ಜಾತಿ. ಸಾರಜನಕ ಜಾಸ್ತಿ ಇರುವುದು ಇವುಗಳಲ್ಲೇ. ಎರಡು ಪಾಲು ಒಣದ್ದಕ್ಕೆ ಒಂದು ಪಾಲು ಹಸಿ ಇದ್ದರೆ ಸರಿಹೋಗುತ್ತದೆ. ಅಳತೆ ಹಿಡಿದು ಕೂರುವುದು ಬೇಕಿಲ್ಲ. ಕೆಟ್ಟ ವಾಸನೆ ಬಂದರೆ ಹಸಿ ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ. ತಿಂಗಳಾದರೂ ಎಲೆ ಹಾಗೇ ಗರಿಗರಿಯಾಗಿದ್ದರೆ ನೀರೋ ಸಾರಜನಕವೋ ಕಡಿಮೆಯಾಗಿದೆ. ಹಸಿ ಹುಲ್ಲನ್ನು ದಪ್ಪಗೆ ಸುರಿಯಬೇಡಿ, ಒತ್ತಿಕೊಂಡು ಲೋಳೆಯಾಗಿ ನಾರುತ್ತದೆ. 1-2 ಇಂಚು ಸಾಕು. ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ಹೀಗೆ ಒಂದೂವರೆ ಅಡಿಯಿಂದ 2 ಅಡಿ ಎತ್ತರಕ್ಕೆ ಬನ್ನಿ. ಕೆಲವು ತಿಂಗಳಲ್ಲಿ ಅದು ಅರ್ಧಕ್ಕೂ ಕೆಳಗೆ ಕುಸಿಯುತ್ತದೆ, ಗಾಬರಿ ಬೇಡ.

ಮಾಂಸ, ಎಣ್ಣೆ ಜಿಡ್ಡು, ಬೇಯಿಸಿದ ಅಡುಗೆ ಹಾಕಿದರೆ ಇಲಿ ಬರುತ್ತವೆ. ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ ಬೇಡ. ಹಸಿ ಸಗಣಿ ಹಾಕಿದ್ದರೆ, ಮಣ್ಣಿಗೆ ತಾಗಿ ಬೆಳೆಯುವ ಸೊಪ್ಪು ಗಡ್ಡೆಗಳನ್ನು ಕೊಯ್ಯುವುದಕ್ಕೆ ಕನಿಷ್ಠ 4 ತಿಂಗಳಾದರೂ ಬಿಡಿ. ಸಗಣಿಯಲ್ಲಿ ರೋಗಾಣು ಇರಬಹುದು, ಮಕ್ಕಳು ಹಸಿಯಾಗಿ ತಿನ್ನುವ ಮನೆಯಲ್ಲಿ ಇದನ್ನು ಮರೆಯಲೇಬಾರದು. ಹೊರಗಿನಿಂದ ತಂದ ಒಣಹುಲ್ಲು, ಗೊಬ್ಬರದ ಬಗ್ಗೆಯೂ ಒಂದು ಎಚ್ಚರ. ಹುಲ್ಲಿಗೆ ಹೊಡೆಯುವ ಕೆಲವು ಕಳೆನಾಶಕಗಳು ದನದ ಹೊಟ್ಟೆಯನ್ನು ದಾಟಿ ಸಗಣಿಯಲ್ಲೂ ಉಳಿಯುತ್ತವೆ. ಅನುಮಾನ ಇದ್ದರೆ ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿ ನಾಲ್ಕು ಬೀನ್ಸ್ ಬೀಜ ಹಾಕಿ ನೋಡಿ. ಎಲೆ ಮುರುಟಿಕೊಂಡು ಬಂದರೆ ಆ ಗೊಬ್ಬರ ಮಡಿಗೆ ಬೇಡ.

ಮೂರರಿಂದ ಆರು ತಿಂಗಳು ಕಾಯುವಷ್ಟು ತಾಳ್ಮೆ ಇದ್ದರೆ ಒಳ್ಳೆಯದು. ಮಳೆಗಾಲ ಅಥವಾ ಚಳಿಗಾಲಕ್ಕೆ ಮುಂಚೆ ಮಾಡಿಟ್ಟರೆ ಕಾದಿದ್ದೇ ಗೊತ್ತಾಗುವುದಿಲ್ಲ. ಕೂಡಲೇ ನೆಡಬೇಕಿದ್ದರೆ ಮೇಲುಗಡೆ 4-6 ಇಂಚು ಚೆನ್ನಾಗಿ ಕಳಿತ ಕಾಂಪೋಸ್ಟ್ ಹಾಕಿ, ಅದರಲ್ಲಿ ಸಸಿ ನೆಡಿ. ಕುಂಬಳದಂಥ ಬಳ್ಳಿಗಳಿಗೆ, ಟೊಮೆಟೊಗೆ, ಸೊಪ್ಪಿಗೆ ಹೊಸ ಮಡಿ ಒಗ್ಗುತ್ತದೆ. ಕ್ಯಾರೆಟ್, ಮೂಲಂಗಿಯನ್ನು ಮೊದಲ ಬೆಳೆಗೆ ಹಾಕಬೇಡಿ. ಕೆಳಗೆ ರಟ್ಟು ಇನ್ನೂ ಗಟ್ಟಿಯಾಗಿರುವಾಗ ಗಡ್ಡೆ ನೇರವಾಗಿ ಇಳಿಯುವುದಿಲ್ಲ. ಎಲೆ ಹಳದಿಯಾದರೆ, ಒಣ ಪದರ ಕೊಳೆಯಲು ಸಾರಜನಕವನ್ನು ಹೀರಿಕೊಳ್ಳುತ್ತಿದೆ ಅಂತ ತಿಳಿದು ಬುಡಕ್ಕೆ ಕಳಿತ ಗೊಬ್ಬರ ಕೊಡಿ. ಮರದ ಹೊಟ್ಟು ಇದ್ದರೆ ಮೇಲೆ ತೆಳುವಾಗಿ ಹರಡಿ, ಮಣ್ಣಿನೊಳಗೆ ಬೆರೆಸಬೇಡಿ.

ಗರಿಕೆ ಮತ್ತು ಕೊನ್ನಾರಿ ಗಡ್ಡೆ ಇರುವ ನೆಲದಲ್ಲಿ ಮಾತ್ರ ಬಿಗಿಯಾಗಿರಬೇಕು. ಕೊನ್ನಾರಿಯ ಚೂಪು ಮೊಳಕೆ ಒದ್ದೆ ರಟ್ಟನ್ನೂ ಚುಚ್ಚಿ ಬರುತ್ತದೆ. ಎರಡು ಪದರ ರಟ್ಟು ಹಾಸಿ, ಕಂಡಾಗೆಲ್ಲ ಕೀಳುತ್ತಿರಿ. ಎಲೆ ಬೆಳೆಯಲು ಬಿಡದಿದ್ದರೆ ಗಡ್ಡೆ ಸೊರಗುತ್ತದೆ. ಗರಿಕೆ ನುಗ್ಗುವುದು ಪಕ್ಕದಿಂದ. ಅದಕ್ಕೇ ಅಂಚಿನ ಹುಲ್ಲನ್ನು ಆಗಾಗ ಕತ್ತರಿಸಬೇಕು. ದಪ್ಪ ಹೊದಿಕೆಯ ಕೆಳಗೆ ಬಸವನಹುಳು ಅಡಗುತ್ತವೆ, ಎಳೆ ಸಸಿಯ ಬುಡದಿಂದ ಹೊದಿಕೆಯನ್ನು ಎರಡು ಬೆರಳಗಲ ದೂರ ಸರಿಸಿಡಿ.

ಬೆಳೆ ಮುಗಿದ ಮೇಲೆ ಗಿಡವನ್ನು ಎಳೆದು ಕೀಳಬೇಡಿ. ನೆಲಮಟ್ಟಕ್ಕೆ ಕತ್ತರಿಸಿ, ಬೇರನ್ನು ಒಳಗೇ ಕೊಳೆಯಲು ಬಿಡಿ. ಬೇರಿಗೇ ರೋಗ ಬಂದಿದ್ದರೆ ಮಾತ್ರ ಬುಡಸಮೇತ ತೆಗೆಯಿರಿ. ಮೇಲೆ 1-2 ಇಂಚು ಕಾಂಪೋಸ್ಟ್, ಅದರ ಮೇಲೆ ತರಗೆಲೆ ಹರಡಿ ಮುಂದಿನ ಸಸಿ ನೆಡಿ. ರಟ್ಟು ಅಷ್ಟರಲ್ಲಿ ಕರಗಿಹೋಗಿರುತ್ತದೆ, ಮತ್ತೆ ಹಾಸುವುದು ಬೇಕಿಲ್ಲ.