ಸೂಜಿ ಹಾಕದೆ ಓಪಿ (ಹೊರರೋಗಿ ಕ್ಲಿನಿಕ್) ನಡೆಸಿದ್ದು: ನನ್ನ ಅನುಭವ

ನೆಗಡಿ-ಜ್ವರಕ್ಕೆ ಸೂಜಿ ಹಾಕದೆ ತಾಲೂಕು ಊರಲ್ಲಿ ಕ್ಲಿನಿಕ್ ನಡೆಸೋಕೆ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಸೀನಿಯರ್‌ಗಳು ಹೇಳಿದರು, ಬ್ಯಾಚಿನವರು ಹೇಳಿದರು. ನನ್ನ ಕಂಪೌಂಡರ್ ಕೂಡ "ಸರ್, ಬಾಡಿಗೆ ಹೆಂಗೆ ಕಟ್ಟೋದು?" ಅಂತ ಕೇಳಿದ. ಈಗ ಏಳೆಂಟು ವರ್ಷ ಆಗಿರಬೇಕು. ಕ್ಲಿನಿಕ್ ಇನ್ನೂ ಅಲ್ಲೇ ಇದೆ, ಬಾಡಿಗೆ ಕಟ್ಟಿದ್ದೇನೆ, ಅದರ ಮೇಲೆ ಒಂದು ಇಸಿಜಿ ಮಿಷಿನ್ನೂ ಬಂದಿದೆ. ಹೆಂಗೆ ಮಾಡಿದೆ ಅಂತ ಕೇಳುವ ಡಾಕ್ಟರುಗಳು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ. ನಗಿಸಿ ಕಳಿಸಿದೆ, ಅಷ್ಟೇ. ಆದರೆ ಆ ನಗೆಮಾತು ಯಾವ ಹೊತ್ತಿಗೆ ಬರಬೇಕು ಅನ್ನೋದನ್ನು ಕಲಿಯೋಕೆ ಒಳ್ಳೇ ದುಡ್ಡೇ ಹೋಯಿತು.

ನಮ್ಮದು ತಿಪಟೂರು ಸೀಮೆ. ತೆಂಗು, ಕೊಬ್ಬರಿ, ರಾಗಿ. ರೋಗಿ ಬಾಗಿಲಲ್ಲೇ ತೋಳು ಮಡಚಿಕೊಂಡು ಬರುತ್ತಾನೆ. "ಒಂದು ಸೂಜಿ ಹಾಕ್ಬುಡಿ ಡಾಕ್ಟ್ರೇ, ನಾಳೆ ಸಂತೆಗೆ ಹೋಗ್ಬೇಕು." ಡೆಕ್ಸಾ ಅನ್ನೋ ಸ್ಟೆರಾಯ್ಡ್, ಡೈಕ್ಲೋ ಅನ್ನೋ ನೋವಿನ ಔಷಧಿ, ಮೇಲೊಂದು ಕೆಂಪು ಬಿ12 ವಿಟಮಿನ್. ಯಾರು ಯಾಕೆ ಹಾಕುತ್ತಾರೆ ಅಂತ ನಿಮಗೆ ಗೊತ್ತಿರುವುದೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತಾರಲ್ಲ, ನಮ್ಮ ಕಡೆ ಹಾಲು ಅನ್ನದ ಜಾಗದಲ್ಲಿ ಸೂಜಿ ಬಂದು ಕೂತಿದೆ.

ಆಗ ನನ್ನ ಫೀಸು 50 ರೂಪಾಯಿ. ಸೂಜಿ ಸೇರಿದರೆ 120. ಗ್ಲೂಕೋಸ್ ಬಾಟ್ಲಿ ಏರಿಸಿದರೆ 350. ಬಾಟ್ಲಿ, ಸೆಟ್, ಸೂಜಿ ಎಲ್ಲ ಸೇರಿ ನನಗೆ ಬೀಳುತ್ತಿದ್ದುದು 100ರ ಒಳಗೇ. ಲಾಭ ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಬಿಡೋಕೆ ಕಾರಣ ಒಂದು ಮಳೆಗಾಲದ ಡೆಂಗಿ. ಪ್ಲೇಟ್‌ಲೆಟ್ (ರಕ್ತ ಸೋರುವುದನ್ನು ನಿಲ್ಲಿಸುವ ಕಣ) ಇಳಿದವನಿಗೆ ಡೈಕ್ಲೋ ಕೊಡಬಾರದು, ಮಾಂಸಕ್ಕೆ ಸೂಜಿ ಚುಚ್ಚಬಾರದು. ಆದರೆ ಮೊದಲನೇ ದಿನದ ಜ್ವರದಲ್ಲಿ ಡೆಂಗಿ ಯಾವುದು, ಸುಮ್ನೆ ವೈರಲ್ ಯಾವುದು ಅಂತ ಹಣೆ ಮೇಲೆ ಬರೆದಿರುತ್ತಾ? ಬೇರೆಲ್ಲೋ ಹಾಕಿಸಿಕೊಂಡು ಸೊಂಟದಲ್ಲಿ ಅಂಗೈ ಅಗಲ ರಕ್ತ ಹೆಪ್ಪುಗಟ್ಟಿದ್ದ ಹುಡುಗನೊಬ್ಬ ನನ್ನ ಹತ್ತಿರ ಬಂದ. ಹುಷಾರಾದ, ಆದರೆ ಆ ವಾರವೇ ನಾನು ಜ್ವರಕ್ಕೆ ಸೂಜಿ ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ಶುರುವಾಯಿತು ನೋಡಿ. ಮೊದಲು ಒಂದು ಫ್ಲೆಕ್ಸ್ ಮಾಡಿಸಿದೆ, 600 ರೂಪಾಯಿ: "ಅನಗತ್ಯ ಇಂಜೆಕ್ಷನ್ ಬೇಡ". ಯಜಮಾನರೊಬ್ಬರು ಅದನ್ನು ಗಟ್ಟಿಯಾಗಿ ಪೂರ್ತಿ ಓದಿದರು. ಓದಿ, "ಸರಿಯಾಗೇ ಬರ್ಸಿದೀರ. ನಂಗೆ ಅಗತ್ಯದ್ದೇ ಹಾಕಿ" ಅಂದರು. ಆಮೇಲೆ ಭಾಷಣ. ಇದು ವೈರಸ್, ಇದಕ್ಕೆ ಔಷಧಿ ಇಲ್ಲ, ಮೂರು ದಿನ ತಡೆದುಕೊಳ್ಳಿ ಅಂತ ಗಂಟಲು ಒಣಗುವಷ್ಟು ಹೇಳಿದೆ. ಊರಲ್ಲಿ ಹಬ್ಬಿದ ಸುದ್ದಿ: "ಆ ಡಾಕ್ಟ್ರಿಗೆ ಕಾಯಿಲೆ ಗೊತ್ತಾಗ್ಲಿಲ್ವಂತೆ, ಔಷಧೀನೇ ಇಲ್ಲ ಅಂದ್ರಂತೆ." ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಮೂರನೆಯದು ಜೋಕು. ಬಂದವರನ್ನು ಬಾಗಿಲಲ್ಲೇ ನಗಿಸುತ್ತಿದ್ದೆ. "ಏನ್ರೀ, ಸೂಜಿ ಬೇಕಾ, ದಾರ ನೀವೇ ತಂದಿದೀರಾ?" ಅನ್ನೋ ಥರದ್ದು. ಇಬ್ಬರು ಮೂವರು ನಕ್ಕರು. ಉಳಿದವರ ಮುಖ ಗಂಟಾಯಿತು. ಎರಡು ದಿನದಿಂದ ನಿದ್ದೆಗೆಟ್ಟವನಿಗೆ ಡಾಕ್ಟರ ತಮಾಷೆ ಯಾಕೆ ಬೇಕು, ಅಲ್ವಾ? ಕಲೆಕ್ಷನ್ ದಿನಕ್ಕೆ 4000ದ ಆಸುಪಾಸು ಇದ್ದದ್ದು 2000ಕ್ಕಿಂತ ಕೆಳಗೆ ಹೋಯಿತು. ನಾಲ್ಕೈದು ತಿಂಗಳು ಹಾಗೇ ಇತ್ತು. ಪಕ್ಕದ ಮೆಡಿಕಲ್ ಸ್ಟೋರಿನವನು ಮಾತು ಬಿಟ್ಟ, ಸಿರಿಂಜು ವ್ಯಾಪಾರ ಹೋಯಿತಲ್ಲ. ಡಾಕ್ಟರುಗಳ ತಿಂಗಳ ಊಟದಲ್ಲಿ ಗೆಳೆಯನೊಬ್ಬ ಎಲ್ಲರ ಮುಂದೆ, "ಪ್ರಾಕ್ಟೀಸ್ ಮಾಡ್ಕೊಂಡೇ ಕೊರವಂಜಿ ಹಾಸ್ಯಪತ್ರಿಕೆ ನಡೆಸಿದ ಡಾ. ರಾಶಿಯವರ ಕಾಲ ಮುಗೀತು ಕಣೋ, ಈಗ ನಗೋರೂ ಸೂಜಿ ಹಾಕಿಸ್ಕೊಂಡೇ ನಗ್ತಾರೆ" ಅಂದ. ಜೋಕು ಚೆನ್ನಾಗಿತ್ತು. ಆಮೇಲೆ ನಾನೂ ರೋಗಿಗಳ ಹತ್ತಿರ ಬಳಸಿದ್ದೇನೆ.

ತಿರುವು ಬಂದದ್ದು ಬಹಳ ಸಣ್ಣ ವಿಷಯದಿಂದ. ಒಂದು ದಿನ ಜನ ಕಡಿಮೆ ಇದ್ದರು (ಆಗ ಯಾವಾಗಲೂ ಕಡಿಮೆಯೇ). ಸುಮ್ನೆ ಹೊತ್ತು ಹೋಗಲಿ ಅಂತ ಒಬ್ಬ ನೆಗಡಿಯವನನ್ನು ಪೂರ್ತಿ ನೋಡಿದೆ. ನಾಲಿಗೆ, ಟಾರ್ಚ್ ಹಾಕಿ ಗಂಟಲು, ಕುತ್ತಿಗೆ ಗಂಟು, ಶರ್ಟ್ ಎತ್ತಿಸಿ ಬೆನ್ನಿಗೆ ಸ್ಟೆತ್, ಮಲಗಿಸಿ ಹೊಟ್ಟೆ, ಕೊನೆಗೆ ಬಿಪಿ. ಎಲ್ಲ ಮುಗಿದ ಮೇಲೆ ತಮಾಷೆ ಮಾಡಿದೆ. ಅವನು ನಕ್ಕ. ಸೂಜಿ ಕೇಳಲೇ ಇಲ್ಲ. ಬಾಗಿಲಲ್ಲಿ ಕಂಪೌಂಡರ್‌ಗೆ "ಚೆನ್ನಾಗಿ ನೋಡುದ್ರು" ಅಂದನಂತೆ.

ಅವತ್ತಿಂದ ಕ್ರಮ ಬದಲಾಯಿಸಿದೆ. ಮೊದಲು ಕೈ, ಆಮೇಲೆ ಬಾಯಿ. ನನ್ನ ಅನುಮಾನ ಏನಂದರೆ, ಜನ ದುಡ್ಡು ಕೊಡುವುದು ಮೈಮುಟ್ಟಿ ನೋಡಿದ್ದಕ್ಕೆ. ಹತ್ತು ಸೆಕೆಂಡಿನಲ್ಲಿ ಚೀಟಿ ಬರೆಯುವ ಡಾಕ್ಟರು ಸೂಜಿ ಹಾಕುವಾಗಲಾದರೂ ಮುಟ್ಟುತ್ತಾರಲ್ಲ, ಅದಕ್ಕೇ ಸೂಜಿ ಕೇಳುತ್ತಾರೆ. ಅವರು ಕೈಗುಣ ಅನ್ನುವುದರಲ್ಲಿ ಕೈ ಬರಬೇಕೋ ಬೇಡವೋ? ಇನ್ನೊಂದು, ಅವರ ಮಾತನ್ನು ಮಧ್ಯೆ ಕತ್ತರಿಸುವುದು ಬಿಟ್ಟೆ. 1984ರಲ್ಲಿ ಅಮೆರಿಕದಲ್ಲಿ ಲೆಕ್ಕ ಹಾಕಿದಾಗ ಡಾಕ್ಟರುಗಳು ಸರಾಸರಿ 18 ಸೆಕೆಂಡಿಗೇ ರೋಗಿಯ ಬಾಯಿ ಮುಚ್ಚಿಸುತ್ತಿದ್ದರಂತೆ. ನಾನು ಅಷ್ಟು ಹೊತ್ತೂ ಕೊಡುತ್ತಿರಲಿಲ್ಲ ಅನಿಸುತ್ತೆ. ಬಿಟ್ಟು ನೋಡಿ, ಬಹಳಷ್ಟು ಜನ ಎರಡು ನಿಮಿಷದೊಳಗೆ ತಾವೇ ನಿಲ್ಲಿಸುತ್ತಾರೆ. ಜೋಕಿಗೆ ಬೇಕಾದ ಸಾಮಾನೆಲ್ಲ ಆ ಎರಡು ನಿಮಿಷದಲ್ಲೇ ಸಿಗುತ್ತೆ.

ಯಾಕಂದರೆ ಜೋಕು ಅವರ ಕಸುಬಿನಿಂದಲೇ ಬರಬೇಕು. ತೋಟದ ಯಜಮಾನರೊಬ್ಬರು ಮೂರು ಸಲ ಸೂಜಿ ಕೇಳಿ, ಸಿಗದೆ, ಏಳಲೂ ಒಲ್ಲದೆ ಸ್ಟೂಲಿನ ಮೇಲೆ ಕೂತಿದ್ದರು.

"ಯಜಮಾನ್ರೇ, ನುಸಿ ಬಂದಾಗ ತೆಂಗಿನ ಮರಕ್ಕೆ ಔಷಧಿ ಎಲ್ಲಿಗೆ ಕಟ್ತೀರಿ?"

"ಬೇರಿಗೆ."

"ಅಷ್ಟು ಮೇಲಿರೋ ಕಾಯಿಗೆ ಅದು ಮುಟ್ಟುತ್ತಾ?"

"ಮುಟ್ಟದೆ ಏನು? ಬೇರು ಕುಡುದ್ರೆ ತಾನೇ ಏರ್ತದೆ."

"ನಿಮ್ಮ ಬೇರು ನಿಮ್ಮ ಬಾಯಿ. ಮಾತ್ರೆ ಅಲ್ಲಿಗೆ ಕಟ್ಟಿದೀನಿ. ಕಾಂಡಕ್ಕೆ ಯಾಕೆ ಚುಚ್ಚಿಸ್ಕೊತೀರಿ?"

ಅವರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಕಣ್ಣು ಕಿರಿದು ಮಾಡಿ, "ಬೇರಿಗೆ ಔಷಧಿ ಕಟ್ಟಿದ್ಮೇಲೆ ಒಂದೂವರೆ ತಿಂಗಳು ಕಾಯಿ ಕೀಳ್ಬಾರ್ದು ಡಾಕ್ಟ್ರೇ. ನಾನೂ ಅಷ್ಟು ದಿನ ಕೆಲ್ಸ ಮಾಡ್ಬಾರ್ದು ಅಂತ ನನ್ ಹೆಂಡ್ತಿಗೆ ಒಂದು ಚೀಟಿ ಬರ್ಕೊಡಿ" ಅಂದರು. ಓಪಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಪ್ಯಾರಾಸಿಟಮಾಲ್ ಚೀಟಿ ಹಿಡಿದು ಗೆದ್ದವರ ಹಾಗೆ ಎದ್ದು ಹೋದರು. ಇದು ಬಹಳ ಮುಖ್ಯ: ಕೊನೆಯ ಮಾತು ರೋಗಿಯದೇ ಆಗಬೇಕು. ನೀವೇ ಗೆದ್ದರೆ ಅವರು ಸೀದಾ ಪಕ್ಕದ ಬೀದಿಗೆ ಹೋಗಿ ಸೂಜಿ ಹಾಕಿಸಿಕೊಳ್ಳುತ್ತಾರೆ.

ಬಾಟ್ಲಿ ಕೇಳುವವರಿಗೆ ಬೇರೆ ಉಪಾಯ. ನನ್ನ ಡ್ರಾಯರಿನಲ್ಲಿ ಎರಡು ಪೊಟ್ಟಣ ಇರುತ್ತವೆ. ಒಂದರಲ್ಲಿ 25 ಗ್ರಾಂ ಸಕ್ಕರೆ, ಇನ್ನೊಂದರಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. 500 ಎಂಎಲ್ ಗ್ಲೂಕೋಸ್-ಉಪ್ಪುನೀರಿನ ಬಾಟ್ಲಿ, ಅಂದರೆ ಡಿಎನ್‌ಎಸ್‌ನಲ್ಲಿ ಇರುವುದು ಅಷ್ಟೇ ಅಂತ ನಿಮಗೆ ಹೇಳಬೇಕಿಲ್ಲ. ತಟ್ಟೆಗೆ ಸುರಿದು ತೋರಿಸುತ್ತೇನೆ. ಸುಸ್ತು ಅಂತ ಬಾಟ್ಲಿ ಏರಿಸಲೇಬೇಕು ಅಂತ ಬಂದಿದ್ದ ಮೇಷ್ಟ್ರೊಬ್ಬರು ಬೆರಳಲ್ಲಿ ಸಕ್ಕರೆ ಮುಟ್ಟಿ ನೋಡಿದರು. "ಮೇಷ್ಟ್ರೇ, ಇದರಲ್ಲಿ ಅರ್ಧ ಮುದ್ದೆಯ ಶಕ್ತಿಯೂ ಇಲ್ಲ. 350 ಕೊಡ್ತೀರಾ?" ಅಂದೆ. "ಸೊಸೈಟಿ ರೇಟಲ್ಲಿ ಕೊಟ್ರೆ ತಗೊಂಡೋಗ್ತೀನಿ" ಅಂದರು. ಶುಗರ್ ಇದ್ದೂ ಗ್ಲೂಕೋಸ್ ಕೇಳುವವರಿಗಂತೂ ತಟ್ಟೆ ತೋರಿಸಿದರೆ ಸಾಕು, ಮಾತೇ ಬೇಡ.

ನಿಜವಾಗಿ ವಾಂತಿ-ಭೇದಿ ಆದವರಿಗೆ ಓಆರ್‌ಎಸ್ ಕೊಟ್ಟು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಗುಟುಕು ಗುಟುಕಾಗಿ ಕುಡಿಸುತ್ತೇನೆ. ಮೇಷ್ಟ್ರ ಥರದವರು ಸಿಕ್ಕರೆ 1971ರ ಕಥೆ ಹೇಳುತ್ತೇನೆ. ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಬಾಟ್ಲಿಗಳು ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮಿನಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ, ಮನೆಯವರ ಕೈಯಿಂದಲೇ ಕುಡಿಸಿದರು. 100ಕ್ಕೆ 30 ಜನ ಸಾಯುತ್ತಿದ್ದ ಕಡೆ 4ಕ್ಕಿಂತ ಕಡಿಮೆ ಆಯಿತು. ಈ ಕಥೆ ಕೇಳಿದವರು ಬಾಟ್ಲಿ ಕೇಳಿದ್ದು ನನಗೆ ನೆನಪಿಲ್ಲ. ಸ್ವಲ್ಪ ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ದುಡ್ಡಿನ ವಿಷಯ. ಫೀಸು ಸೀದಾ 100 ಮಾಡಿದೆ. ಸೂಜಿ ಇರಲಿ ಬಿಡಲಿ 100, ಮೂರು ದಿನದೊಳಗೆ ಮತ್ತೆ ಬಂದರೆ ಪುಕ್ಕಟೆ. ಗೊಣಗಿದರು. ಆದರೆ ಪುಕ್ಕಟೆ ಅಂದದ್ದಕ್ಕೇ ನಂಬಿಕೆ ಬಂತು. ಡೆಂಗಿ ಕಾಲದಲ್ಲಿ ಮೂರನೇ ದಿನ ಅವರನ್ನು ಮತ್ತೆ ನೋಡುವುದು ನನಗೂ ಬೇಕಿತ್ತು. ವರ್ಷದ ಹೊತ್ತಿಗೆ ಕಲೆಕ್ಷನ್ ಹಳೇ ಲೆಕ್ಕಕ್ಕೆ ಬಂತು, ಎರಡನೇ ವರ್ಷ ದಾಟಿತು. ಮೊದಲು ಹತ್ತರಲ್ಲಿ ಎಂಟು ಜನ ಸೂಜಿ ಕೇಳುತ್ತಿದ್ದರು, ಈಗ ಒಬ್ಬರೋ ಇಬ್ಬರೋ. ಊಟದ ಮೀಟಿಂಗಿನಲ್ಲಿ ನಕ್ಕಿದ್ದ ಗೆಳೆಯ ಕಳೆದ ವರ್ಷ ತನ್ನ ಭಾವನನ್ನೇ ನನ್ನ ಹತ್ತಿರ ಕಳಿಸಿದ.

ಬೇಡದ ಕಡೆ ನಗಿಸಬೇಡಿ. ಎದೆನೋವು, ಉಸಿರು ಎಳೆಯುವ ಮಗು, ಜ್ವರ ಬಿಟ್ಟ ಮೇಲೆ ಹೊಟ್ಟೆನೋವು-ವಾಂತಿ ಅಂತ ಬಂದ ಡೆಂಗಿಯವರು, ಇವರ ಮುಂದೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಬೇಕು. ಮೈ ದಪ್ಪ ಇರೋದು, ಕುಡಿತ, ಮಕ್ಕಳಾಗದ್ದು, ಇವೂ ಜೋಕಿಗಲ್ಲ. ಸೊಸೆಯ ಎದುರಿಗೆ ಅತ್ತೆಯನ್ನು ನಗಿಸಲು ಹೋಗಬೇಡಿ, ಮನೆಗೆ ಹೋದ ಮೇಲೆ ಅದರ ಬಿಲ್ಲು ಸೊಸೆ ಕಟ್ಟಬೇಕಾಗುತ್ತೆ.

ಇನ್ನೊಂದು ವಿಚಿತ್ರ ಗಮನಿಸಿದ್ದೀರಾ? ನೆಗಡಿಗೆ ಸೂಜಿ ಬೇಡುವವರೇ ನಾಯಿ ಕಚ್ಚಿದರೆ ಸೂಜಿಗೆ ಹೆದರಿ ಓಡುತ್ತಾರೆ. ಹೊಕ್ಕುಳ ಸುತ್ತ 14 ಚುಚ್ಚುತ್ತಾರೆ ಅನ್ನುವ ಭಯ. ಆ ಹಳೇ ಲಸಿಕೆ ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷ ಆಯ್ತು, ಈಗ ತೋಳಿಗೆ ನಾಲ್ಕೈದು ಸಲ ಅಷ್ಟೇ. ಇಲ್ಲಿ ನಾನು ಉಲ್ಟಾ ಹೊಡೆಯುತ್ತೇನೆ: "ಇಷ್ಟು ವರ್ಷ ಕೇಳ್ತಿದ್ರಲ್ಲ, ಬಾಕಿ ಎಲ್ಲ ಈಗ ತೀರಿಸ್ತೀನಿ ಬನ್ನಿ." ಬರುತ್ತಾರೆ. ಇನ್ಸುಲಿನ್‌ಗೆ ಮಾತ್ರ ಈ ಮಾತು ನಡೆಯಲಿಲ್ಲ.

ಬಿಪಿ ಮಾತ್ರೆ ಮರೆಯದೆ ನುಂಗಿಸೋಕೂ ಒಂದಷ್ಟು ಪ್ರಯೋಗ ಮಾಡಿದೆ. ಓದು ಬರದವರಿಗೆ ಬೆಳಿಗ್ಗೆಗೆ ಕೋಳಿ, ರಾತ್ರಿಗೆ ಚಂದ್ರ ಅಂತ ಚೀಟಿಯಲ್ಲಿ ಚಿತ್ರ ಬರೆದುಕೊಟ್ಟೆ. ಒಬ್ಬ ಅಜ್ಜಿ ತಿಂಗಳಾದ ಮೇಲೆ ಬಂದರೆ ಮಾತ್ರೆ ಹಾಗೇ ಉಳಿದಿತ್ತು. "ಕೋಳಿ ಬರ್ದಿದ್ದೆಯಲ್ಲಪ್ಪಾ, ಭಾನುವಾರ ಬಾಡು ಮಾಡ್ದಾಗ ಮಾತ್ರ ನುಂಗ್ದೆ" ಅಂದರು. ಚಿತ್ರ ಬಿಟ್ಟೆ. ಅದೇ ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿ ಪಕ್ಕ ಬಿಪಿಯ ಅಮ್ಲೋಡಿಪಿನ್ ಸ್ಟ್ರಿಪ್ ಇಡಿಸಿದೆ. ಬೆಳಿಗ್ಗೆ ಮೊದಲ ಎಲೆ ಹಾಕುವ ಮುಂಚೆ ಒಂದು ಮಾತ್ರೆ. ಸಂಚಿ ಮರೆಯುವ ಅಜ್ಜಿ ನಮ್ಮ ಕಡೆ ಹುಟ್ಟಿಲ್ಲ. ಇದು ಹತ್ತಾರು ಜನರಲ್ಲಿ ಕೆಲಸ ಮಾಡಿದೆ, ಧೈರ್ಯವಾಗಿ ಮಾಡಿ. ಎಲೆಅಡಿಕೆ ಬಿಡಿಸುವ ಜಗಳ ಬೇರೆ ದಿನ ಇಟ್ಟುಕೊಳ್ಳಿ.

"ಪಕ್ಕದ ಡಾಕ್ಟ್ರು ಕೇಳ್ದೇನೇ ಹಾಕ್ತಾರೆ" ಅನ್ನುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಪಕ್ಕದ ಡಾಕ್ಟ್ರೂ ಓದುತ್ತಾರೆ. ಚೀಟಿ ಕೊಟ್ಟ ಮೇಲೆ ಕೌಂಟರಿನಲ್ಲಿ ನನ್ನ ಕಂಪೌಂಡರ್ ಮಾಡುವ ಒಂದು ಕೆಲಸವೂ ಇದೆ, ಅದು ಅವನ ಗುಟ್ಟು. ಅದಕ್ಕೆಂದೇ ಸಂಬಳ ಜಾಸ್ತಿ ಮಾಡಿದ್ದೇನೆ.

ಮಂಡಿನೋವಿನವರ ಹತ್ತಿರ ಮಾತ್ರ ನನ್ನ ಆಟ ನಡೆಯುತ್ತಿಲ್ಲ. ಜ್ವರ ಮೂರು ದಿನಕ್ಕೆ ತಾನೇ ಹೋಗಿ ನನ್ನ ಮಾನ ಉಳಿಸುತ್ತೆ, ಮಂಡಿ ಹಾಗಲ್ಲ. ನಗುತ್ತಾರೆ, ಎದ್ದು ಹೋಗುತ್ತಾರೆ, ಎಲ್ಲೋ ಸ್ಟೆರಾಯ್ಡ್ ಹಾಕಿಸಿಕೊಂಡು ಶುಗರ್ ಮುನ್ನೂರು ದಾಟಿಸಿಕೊಂಡು ಬರುತ್ತಾರೆ. ಈಗ ಅಜ್ಜಿಯಂದಿರಿಗೆ ಮಂಚದ ಅಂಚಲ್ಲಿ ಕೂತು ಕಾಲು ನೇರ ಎತ್ತಿ ಹತ್ತು ಎಣಿಸುವ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಮೂರು ಎಣಿಸಿದ ಮೇಲೆ ಮೊಮ್ಮಕ್ಕಳ ಸುದ್ದಿ ಶುರುಮಾಡುತ್ತಾರೆ. ನಿಮ್ಮಲ್ಲಿ ಯಾರಾದರೂ ಮಂಡಿಯವರನ್ನು ಸೂಜಿಯಿಂದ ಬಿಡಿಸಿದ್ದರೆ ತಿಳಿಸಿ. ಬದಲಿಗೆ ಆ ಪಕ್ಕದ ಡಾಕ್ಟ್ರ ಮಾತು ಹೇಳಿಕೊಡುತ್ತೇನೆ.